ಮೂರು ನಿಮಿಷದ ಋಣ

ಕಾಫಿ ಆರಿಸಿಕೊಂಡು ಕುಡಿಯುವಷ್ಟು ಹೊತ್ತಿನಲ್ಲಿ ಒಬ್ಬ ಮನುಷ್ಯನ ವಿಷಯವಾಗಿ ಏನನ್ನು ತಾನೆ ಹೇಳಲಾದೀತು? ಹೇಳಿದ್ದು ನ್ಯಾಯವೋ ಅನ್ಯಾಯವೋ ಎಂದು ತೀರ್ಮಾನಿಸುವವರು ಯಾರು? ಮೂರು ನಿಮಿಷ, ಐದು ನಿಮಿಷಗಳಲ್ಲಿ ಮುಗಿದುಹೋಗುವ ಕಿರುಚಿತ್ರಗಳನ್ನು ನೋಡುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ಹಾಗೆ ಕಾಡುವುದಕ್ಕೆ ಸ್ವಂತದ ಕಾರಣವೊಂದುಂಟು. ಅದನ್ನು ಮುಂದೆ ಹೇಳುತ್ತೇನೆ.

ಚಲಚ್ಚಿತ್ರವು ಹುಟ್ಟಿದ್ದೇ ಕಿರಿದಾಗಿ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂಡ್ ಕೆಫೆಯಲ್ಲಿ ಲೂಮಿಯೇರ್ ಸಹೋದರರ 10 ಚಿತ್ರಗಳನ್ನು ದುಡ್ಡು ಕೊಟ್ಟು ಬಂದವರಿಗೆ ತೋರಿಸಿದರಷ್ಟೆ. ಅವುಗಳಲ್ಲಿ ಒಂದೊಂದೂ ಒಂದು ನಿಮಿಷಕ್ಕಿಂತ ಕಡಮೆಯದು. ಅವರದೇ ಕಾರ್ಖಾನೆಯ ಬಾಗಿಲು ತೆರೆದುಕೊಂಡು ಕೆಲಸಗಾರರು ಹೊರಕ್ಕೆ ಬರುವ ದೃಶ್ಯ ಅವುಗಳಲ್ಲೊಂದು. ಮರುವರ್ಷ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ನಮ್ಮ ದೇಶದಲ್ಲೂ ಅದನ್ನು ತೋರಿಸಿದರು. ಹ್ಯಾಟು ತೊಟ್ಟ ಹೆಂಗಸರು, ಸೈಕಲ್ ಏರಿದ ಗಂಡಸರು, ನಡುವೆ ಒಂದು ನಾಯಿ. ಸಹಜವಾಗಿ ಕಾಣುವ ಈ ದೃಶ್ಯವನ್ನು ತೆಗೆದದ್ದು ಒಮ್ಮೆಯಲ್ಲ, ಮೂರು ಸಲ. ಮೂರು ಪ್ರತಿಗಳೂ ಉಳಿದಿವೆ: ಒಂದರಲ್ಲಿ ಗಾಡಿಗೆ ಒಂದು ಕುದುರೆ, ಒಂದರಲ್ಲಿ ಎರಡು, ಇನ್ನೊಂದರಲ್ಲಿ ಕುದುರೆಯೇ ಇಲ್ಲ. ಆ ಕೆಲಸಗಾರರ ಒಪ್ಪಿಗೆಯನ್ನು ಕೇಳಿದ್ದರೇ ಎಂದರೆ ನಗು ಬಂದೀತು. ಕೂಲಿ ಕೊಡುವ ಯಜಮಾನನೇ ಯಂತ್ರವನ್ನು ಹಿಡಿದು ನಿಂತಿರುವಾಗ ಬೇಡವೆನ್ನುವವರು ಯಾರು?

ಕಿರಿದೆಂಬ ಕಾರಣಕ್ಕೆ ಕೃತಿ ಕೀಳಾಗುವುದಿಲ್ಲವೆಂಬುದನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಅಮರುಕನ ಒಂದೊಂದು ಮುಕ್ತಕವೂ ಒಂದೊಂದು ಪ್ರಬಂಧದಂತೆ ರಸವನ್ನು ಹರಿಸುತ್ತದೆಂದು ಆನಂದವರ್ಧನನೇ ಒಪ್ಪಿದ್ದಾನೆ. ನಮ್ಮ ತ್ರಿಪದಿ ಮೂರೇ ಸಾಲಿನದು. ವಚನ ಒಂದು ಉಸಿರಿನದು. ಆದರೆ ಮುಕ್ತಕದ ವಿರಹಿಣಿ ಇಂಥ ಬೀದಿಯ ಇಂಥ ಮನೆಯವಳೆಂದು ಯಾರೂ ಬೊಟ್ಟುಮಾಡಿ ತೋರಿಸಲಾರರು. ಮಾತು ವ್ಯಕ್ತಿಯನ್ನು ಮರೆಮಾಡಬಲ್ಲದು. ಕ್ಯಾಮೆರಾಕ್ಕೆ ಆ ದಾಕ್ಷಿಣ್ಯವಿಲ್ಲ. 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆದ ಚಿದಾನಂದ ನಾಯ್ಕರ ಕನ್ನಡ ಚಿತ್ರ ಸುಮಾರು 16 ನಿಮಿಷದ್ದು. ಅದರಲ್ಲೊಬ್ಬ ಅಜ್ಜಿ ಊರಿನ ಹುಂಜವನ್ನು ಕದ್ದುಬಿಡುತ್ತಾಳೆ. ಊರಿಗೆ ಬೆಳಗೇ ಆಗುವುದಿಲ್ಲ. ಆಕೆ ಜಾನಪದದ ಅಜ್ಜಿ. ಅವಳನ್ನು ಕಳ್ಳಿಯೆಂದರೆ ಯಾರ ಮಾನವೂ ಹೋಗದು.

ನಾನು ಹೇಳಹೊರಟಿರುವ ಅಜ್ಜಿ ಅಂಥವಳಲ್ಲ. ಆಕೆ ನಮ್ಮ ಕಾಲೇಜಿನ ಗೇಟಿನ ಬಳಿ ಸೀಬೆಕಾಯಿ ಮಾರುವವಳು. ಎರಡು ವರ್ಷದ ಹಿಂದೆ ನನ್ನ ವಿದ್ಯಾರ್ಥಿಗಳು ಮೂವರು ಸೇರಿ, ಜೇಬಿನ ಫೋನಿನಲ್ಲೇ, ಆಕೆಯ ಮೇಲೊಂದು ಮೂರು ನಿಮಿಷದ ಚಿತ್ರ ತೆಗೆದರು. ಹಣ ಹಾಕಿದವರಿಲ್ಲ, ತಡೆಯುವವರಿಲ್ಲ. ಈಗಿನ ಸ್ವತಂತ್ರ ಕಲಾವಿದನ ಭಾಗ್ಯ ಅದು. ಮಾತೇ ಇಲ್ಲದ ಚಿತ್ರ. ಬಿರುಕುಬಿಟ್ಟ ಬೆರಳುಗಳು ಕಾಯಿಯನ್ನು ನಾಲ್ಕಾಗಿ ಸೀಳಿ ಉಪ್ಪುಖಾರ ಸವರುತ್ತವೆ. ಸಂಜೆ ಹುಡುಗರೆಲ್ಲ ಹೊರಟುಹೋದ ಮೇಲೆ ಅರ್ಧ ಉಳಿದ ಬುಟ್ಟಿಯ ಮುಂದೆ ಆಕೆ ಒಬ್ಬಳೇ ಕುಳಿತಿದ್ದಾಳೆ. ಅಷ್ಟೇ. ಅಂತರಕಾಲೇಜು ಸ್ಪರ್ಧೆಯಲ್ಲಿ ಅದಕ್ಕೆ ಮೊದಲ ಬಹುಮಾನ ಬಂದಿತು. ಅಭಿನಂದನೆಯ ಸಭೆಯಲ್ಲಿ ನಾನು ಕರುಣರಸದ ಮೇಲೆ ಕಾಲು ಗಂಟೆ ಮಾತನಾಡಿದೆ, ಭವಭೂತಿಯನ್ನೂ ಎಳೆತಂದೆ. ಮೇಷ್ಟರ ಚಾಳಿ ಬಿಡುತ್ತದೆಯೆ?

ಮರುದಿನ ಹುಡುಗರು ಆ ಚಿತ್ರವನ್ನು ಅಜ್ಜಿಗೆ ತೋರಿಸುವಾಗ ನಾನೂ ಅಲ್ಲಿದ್ದೆ. ಆಕೆ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಕೊನೆಯವರೆಗೂ ನೋಡಿದಳು.

“ಚೆನ್ನಾಗದೆ ಕಣ್ರಪ್ಪ,” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಆದ್ರೆ ಮೇಷ್ಟ್ರೇ, ಅವತ್ತು ಇವರ ಜೊತೆ ನಾನು ಎಷ್ಟು ನಗಾಡಿದ್ದೆ! ಅದೊಂದೂ ಇಲ್ವಲ್ಲ. ನೋಡ್ದೋರು ಯಾರೋ ಗತಿಕೆಟ್ಟೋಳು ಅನ್ಕೊಳಲ್ವಾ?”

ಹುಡುಗರು ತಲೆ ತಗ್ಗಿಸಿದರು. ನಾನೂ ಬೇರೆ ಕಡೆ ನೋಡಿದೆ.

ಅವರು ಸುಳ್ಳನ್ನೇನೂ ತೋರಿಸಿರಲಿಲ್ಲ. ಆಕೆ ಒಬ್ಬಳೇ ಕುಳಿತಿದ್ದುದು ನಿಜ. ಒಪ್ಪಿಗೆ ಕೇಳಿಯೇ ತೆಗೆದಿದ್ದರೆಂಬುದೂ ನಿಜ. ಹಾಗಿದ್ದರೆ ತಪ್ಪು ನಡೆದದ್ದು ಎಲ್ಲಿ? ಕಾದಂಬರಿಯಲ್ಲಿ ಒಂದು ಅಧ್ಯಾಯದಲ್ಲಿ ಅತ್ತವಳು ಮುಂದಿನ ಅಧ್ಯಾಯದಲ್ಲಿ ಜಗಳವಾಡಬಹುದು, ಹಬ್ಬ ಮಾಡಬಹುದು. ಮೂರು ನಿಮಿಷದಲ್ಲಿ ಸಿಕ್ಕಿಕೊಂಡವಳಿಗೆ ಆ ಅವಕಾಶವಿಲ್ಲ. ಅಲ್ಲಿ ಯಾವ ಮುಖ ಸಿಕ್ಕಿತೋ ಅದೇ ಆಕೆಯ ಶಾಶ್ವತ ಮುಖ. ಆದ್ದರಿಂದ ಚಿತ್ರ ಕಿರಿದಾದಷ್ಟೂ, ಬಿಟ್ಟದ್ದರ ಭಾರ ಇಟ್ಟದ್ದಕ್ಕಿಂತ ಹೆಚ್ಚಾಗುತ್ತ ಹೋಗುತ್ತದೆ.

ಒಪ್ಪಿಗೆಯೊಂದರಿಂದಲೇ ಈ ಲೆಕ್ಕ ತೀರುವುದಿಲ್ಲವೆಂಬುದಕ್ಕೆ ನನಗೆ ತೀರ ಪ್ರಿಯವಾದ ಒಂದು ಚಿತ್ರವೇ ಸಾಕ್ಷಿ. 1978ರಲ್ಲಿ ಲಾಟ್ವಿಯಾದ ಹರ್ಟ್ಸ್ ಫ್ರಾಂಕ್ ತೆಗೆದ ‘ಹತ್ತು ನಿಮಿಷ ದೊಡ್ಡವನಾದ’ ಎಂಬರ್ಥದ ಹೆಸರಿನ ಚಿತ್ರ ಅದು. ಮಕ್ಕಳು ಕತ್ತಲಲ್ಲಿ ಕುಳಿತು ಗೊಂಬೆಯಾಟ ನೋಡುತ್ತಿದ್ದಾರೆ. ಸುಮಾರು 10 ನಿಮಿಷವೂ ಎಲ್ಲಿಯೂ ಕತ್ತರಿಸದೆ ಕ್ಯಾಮೆರಾ ಒಬ್ಬ ಪುಟ್ಟ ಹುಡುಗನ ಮುಖವನ್ನೇ ಬಹುಮಟ್ಟಿಗೆ ಹಿಡಿದಿರುತ್ತದೆ. ಗೊಂಬೆಗಳು ನಮಗೆ ಕಾಣಿಸುವುದೇ ಇಲ್ಲ. ಹುಡುಗ ಹೆದರುತ್ತಾನೆ, ಅಳುತ್ತಾನೆ, ನಗುತ್ತಾನೆ, ಬಾಯಿ ತೆರೆದು ಬೆರಗಾಗುತ್ತಾನೆ. ಆಟದಲ್ಲಿ ಮುಳುಗಿಹೋದ ಅವನಿಗೆ ಕ್ಯಾಮೆರಾದ ಪರಿವೆಯೇ ಇದ್ದಂತಿಲ್ಲ. ಆದರೂ ಅವನಿಂದ ಏನನ್ನೋ ಕದ್ದರೆಂದು ನನಗೆ ಅನಿಸಿಲ್ಲ. ಅವನ ಭಯವನ್ನು ಮಾತ್ರ ಆರಿಸಿಕೊಂಡು ಉಳಿದದ್ದನ್ನು ಎಸೆಯಲಿಲ್ಲವಲ್ಲ, ಅದಕ್ಕಿರಬೇಕು. ಒಂದು ಭಾವದಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನೆಲ್ಲ ಅವನಿಗೇ ಬಿಟ್ಟುಕೊಟ್ಟಿದ್ದಾರೆ.

ಕತ್ತರಿಯ ವಿಷಯ ಬಂದಾಗ ಕೆನಡದ ನಾರ್ಮನ್ ಮೆಕ್‌ಲಾರೆನ್‌ರ ನೆನಪಾಗುತ್ತದೆ. 1952ರಲ್ಲಿ ಅವರು ತೆಗೆದ ‘ನೇಬರ್ಸ್’ 8 ನಿಮಿಷದ್ದು. ಎರಡು ಮನೆಗಳ ನಡುವೆ ಒಂದು ಹೂವು ಅರಳುತ್ತದೆ. ಅದಕ್ಕಾಗಿ ನೆರೆಯವರಿಬ್ಬರು ಹೊಡೆದಾಡಿಕೊಂಡು ಸಾಯುತ್ತಾರೆ. ಜಗಳದ ನಡುವೆ ಒಬ್ಬರ ಹೆಂಡತಿಮಕ್ಕಳನ್ನು ಇನ್ನೊಬ್ಬರು ಕೊಲ್ಲುವ ತುಣುಕೊಂದಿತ್ತು. ನೋಡುವವರಿಗೆ ಕಷ್ಟವಾಗುತ್ತದೆಂದು ಅದನ್ನು ತೆಗೆಸಿದರು. ಆಸ್ಕರ್ ಬಂದದ್ದು ಹಾಗೆ ತೆಗೆದುಹಾಕಿದ ಪ್ರತಿಗೇ. ವಿಯೆಟ್ನಾಂ ಯುದ್ಧದ ಕಾಲಕ್ಕೆ ಜನರ ಮನಸ್ಸು ಬದಲಾಗಿ, ಆ ತುಣುಕನ್ನು ಮರಳಿ ಸೇರಿಸಬೇಕಾಯಿತು. ಅಷ್ಟರಲ್ಲಿ ಅದರ ಮೂಲ ನೆಗೆಟಿವ್ ಹಾಳಾಗಿಹೋಗಿತ್ತು. ಉಳಿದಿದ್ದ ಒಂದು ಪ್ರತಿಯಿಂದಲೇ ಎತ್ತಿ ಸೇರಿಸಿದರು. ಅಲ್ಲಿ ಚಿತ್ರ ಸ್ವಲ್ಪ ಮಸುಕಾಗಿದೆಯಂತೆ, ಇರಲಿ.

ನಮ್ಮ ಹುಡುಗರ ಬಳಿ ಅಜ್ಜಿಯ ನಗು ಹಾಳಾಗದೆ ಉಳಿದಿತ್ತು. ಅದನ್ನು ಸೇರಿಸಿರೆಂದು ನಾನೇ ಹೇಳಿದೆ. 11 ಸೆಕೆಂಡು. ಹಲ್ಲಿಲ್ಲದ ಬಾಯಿ ತುಂಬ ನಗುತ್ತ, ಕ್ಯಾಮೆರಾ ಹಿಡಿದವನನ್ನೇ ಗದರಿಸುತ್ತ, ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾಳೆ. ಸೇರಿಸಿದ ಮೇಲೆ ಎಲ್ಲರೂ ಕುಳಿತು ನೋಡಿದೆವು. ಇದ್ದದ್ದನ್ನು ಇದ್ದಂತೆ ಹೇಳಬೇಕು: ಚಿತ್ರ ಕೆಟ್ಟಿತು. ಕೊನೆಯ ಆ ಏಕಾಂತಕ್ಕೆ ಮೊದಲಿನ ತೀಕ್ಷ್ಣತೆ ಉಳಿಯಲಿಲ್ಲ. ಕರುಣರಸ ಅರ್ಧಕ್ಕೇ ತಡವರಿಸಿತು. ಕ್ಯಾಮೆರಾ ಹಿಡಿದಿದ್ದ ಹುಡುಗ ಮೆಲ್ಲಗೆ, “ಸರ್, ಹೀಗೆ ಮಾಡಿದ್ರೆ ಇದು ಸಿನಿಮಾ ಆಗೋದಿಲ್ಲ,” ಎಂದ. ಅವನ ಮಾತನ್ನು ಅಲ್ಲಗಳೆಯಲು ನನ್ನಲ್ಲಿ ಕಾವ್ಯಮೀಮಾಂಸೆಯ ಯಾವ ಸೂತ್ರವೂ ಇರಲಿಲ್ಲ. ಔಚಿತ್ಯವೆಂದು ಕ್ಷೇಮೇಂದ್ರ ಹೇಳಿದ್ದು ಕೃತಿಯೊಳಗಿನ ಅಂಗಾಂಗಗಳ ಹೊಂದಿಕೆಯನ್ನು; ಗೇಟಿನ ಬಳಿ ಕುಳಿತವಳ ಮಾನವನ್ನಲ್ಲ.

ಕಳೆದ ವರ್ಷ ಮತ್ತೊಂದು ಸ್ಪರ್ಧೆಯ ಕರೆ ಬಂದಾಗ ಆತ ಎರಡು ಪ್ರತಿಗಳನ್ನೂ ತಂದು, “ಯಾವುದನ್ನ ಕಳಿಸ್ಲಿ ಸರ್?” ಎಂದು ಕೇಳಿದ. ನಗುವಿರುವುದನ್ನು ಕಳಿಸು ಎಂದೆ. ಬಹುಮಾನ ಅವನ ಪಾಲಿಗೆ ಎಷ್ಟು ದೊಡ್ಡದೆಂಬುದನ್ನು ಬಲ್ಲೆ. ಪುಣೆಯ ಚಲನಚಿತ್ರ ಶಾಲೆಗೆ ಅರ್ಜಿ ಹಾಕುವ ಆಸೆ ಇಟ್ಟುಕೊಂಡವನು ಅವನು. ಗುರುವಿನ ಮಾತೆಂದು ಅದನ್ನೇ ಕಳಿಸಿದ. ಬಹುಮಾನ ಬರಲಿಲ್ಲ.

ಆ ವಿಷಯವನ್ನು ಆತ ನನ್ನೆದುರು ಎತ್ತಿಲ್ಲ. ಸಂಜೆಯ ಹೊತ್ತು ಗೇಟಿನ ಬಳಿ ಸೀಬೆಕಾಯಿ ಕೊಳ್ಳುತ್ತ ನಿಂತಿರುವುದನ್ನು ಒಮ್ಮೊಮ್ಮೆ ಕಾಣುತ್ತೇನೆ. ಅಜ್ಜಿ ಏನೋ ಹೇಳಿ ನಗುತ್ತಿರುತ್ತಾಳೆ. ಅವನ ಫೋನು ಜೇಬಿನಲ್ಲೇ ಇರುತ್ತದೆ.