ಯಯಾತಿಯ ಪ್ಲಾಟಿನಂ ಕಾರ್ಡು

ದೊಡ್ಡ ಹೋಟೆಲಿನ ಬೆಳಗಿನ ಬಫೆಯಲ್ಲಿ ದುಡ್ಡು ಕೊಟ್ಟು ತಿಂದ ದೋಸೆಗಿಂತ ಪುಕ್ಕಟೆ ತಿಂದ ದೋಸೆಗೆ ರುಚಿ ಹೆಚ್ಚು. ಹಿಟ್ಟು ಅದೇ, ಕಾವಲಿ ಅದೇ, ಹುಯ್ದುಕೊಟ್ಟವನೂ ಅವನೇ. ಆದರೆ ಬಾಗಿಲಲ್ಲಿ ನಿಂತವರು ರೂಮ್ ನಂಬರ್ ಕೇಳಿ, ಪಟ್ಟಿಯ ಮೇಲೆ ಬೆರಳಾಡಿಸಿ, “ಪ್ಲಾಟಿನಂ ಮೆಂಬರ್ ಅಲ್ವಾ, ನಿಮಗೆ ಕಾಂಪ್ಲಿಮೆಂಟರಿ ಸರ್” ಅಂದರೆ ಸಾಕು, ಬಾಗಿದ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ತಿಂಗಳಿಗೆ ಲಕ್ಷಗಟ್ಟಲೆ ಎಣಿಸುವವರ ಮುಖವೂ ಆಗ ಅರಳುವುದನ್ನು ಕಂಡಿದ್ದೇನೆ. ಒಂದು ತಿಂಡಿಯ ದುಡ್ಡು ಉಳಿಯಿತೆಂದು ಅವರು ಅಷ್ಟು ಹಿಗ್ಗುವವರಲ್ಲ. ಹಾಗಾದರೆ ಇದು ಯಾತರ ಹಿಗ್ಗು? ಕೆಲಸದ ಮೇಲೆ ಊರೂರು ತಿರುಗುವ ನನಗೆ ಈ ಪ್ರಶ್ನೆ ಬಹಳ ದಿನಗಳಿಂದ ಜೊತೆಗಾರ.

ಈ ಹಿಗ್ಗಿಗೆ ಒಂದು ಚರಿತ್ರೆಯಿದೆ. 1978ರಲ್ಲಿ ಅಮೆರಿಕದ ಸರ್ಕಾರ ವಿಮಾನಗಳ ದರ ಮತ್ತು ಮಾರ್ಗಗಳ ಮೇಲಿದ್ದ ತನ್ನ ಹಿಡಿತವನ್ನು ಸಡಿಲಿಸಿತು. ಕಂಪನಿಗಳು ಗಿರಾಕಿಗಾಗಿ ಕಿತ್ತಾಡತೊಡಗಿದವು. ಎಲ್ಲರ ಸೀಟೂ ಹೆಚ್ಚುಕಡಿಮೆ ಒಂದೇ; ಒಬ್ಬ ದರ ಇಳಿಸಿದರೆ ಪಕ್ಕದವನೂ ಇಳಿಸುತ್ತಾನೆ. ಆಗ 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ಒಂದು ಖಾತೆ ತೆರೆಯಿತು. ಹಾರಿದ ಮೈಲಿಗಳೆಲ್ಲ ಪ್ರಯಾಣಿಕನ ಹೆಸರಿಗೆ ಜಮಾ ಆಗುತ್ತ ಹೋಗುತ್ತವೆ, ಸಾಕಷ್ಟು ಸೇರಿದರೆ ಒಂದು ಪ್ರಯಾಣ ಬಿಟ್ಟಿ. ಹೋಟೆಲಿನವರು ಈ ಉಪಾಯ ಕಲಿಯಲು ತಡಮಾಡಲಿಲ್ಲ. 1983ರಲ್ಲಿ ಹಾಲಿಡೇ ಇನ್ ಮತ್ತು ಮ್ಯಾರಿಯಟ್, 1987ರಲ್ಲಿ ಹಯಾತ್ ಮತ್ತು ಹಿಲ್ಟನ್ ತಮ್ಮ ತಮ್ಮ ಖಾತೆಪುಸ್ತಕ ಬಿಚ್ಚಿದವು. ಬರಬರುತ್ತ ಬಿಟ್ಟಿ ರಾತ್ರಿಗಿಂತ ದೊಡ್ಡ ಆಮಿಷವೊಂದು ಅವರ ಕೈಗೆ ಸಿಕ್ಕಿತು: ದರ್ಜೆ.

ಮ್ಯಾರಿಯಟ್‌ನ ಈಗಿನ ಬಾನ್‌ವಾಯ್ ಯೋಜನೆಯನ್ನೇ ನೋಡಿ. ವರ್ಷದಲ್ಲಿ 10 ರಾತ್ರಿ ತಂಗಿದರೆ ಸಿಲ್ವರ್, 25ಕ್ಕೆ ಗೋಲ್ಡ್, 50ಕ್ಕೆ ಪ್ಲಾಟಿನಂ, 75ಕ್ಕೆ ಟೈಟಾನಿಯಂ. 100 ರಾತ್ರಿ ಕಳೆದು, ಜೊತೆಗೆ 23,000 ಡಾಲರ್ ಖರ್ಚನ್ನೂ ಮಾಡಿದವರು ಅಂಬಾಸಡರ್. ಪ್ಲಾಟಿನಂ ಏರಿದವರಿಗೆ ಖಾಲಿಯಿದ್ದರೆ ಸೂಟ್, ಲೌಂಜ್ ಇದ್ದಲ್ಲಿ ಅದರೊಳಗೆ ಪ್ರವೇಶ, ಮಧ್ಯಾಹ್ನ ನಾಲ್ಕರವರೆಗೆ ರೂಮು ಇಟ್ಟುಕೊಳ್ಳುವ ಸವಲತ್ತು. ಇವು ಹೋಟೆಲಿನವರಿಗೆ ತುಟ್ಟಿಯ ಬಾಬುಗಳಲ್ಲ. ಮಾರಾಟವಾಗದ ಸೂಟ್ ಹೇಗೂ ಖಾಲಿಯೇ ಬಿದ್ದಿರುತ್ತದೆ. ಕೊಡುವವನಿಗೆ ಹೆಚ್ಚು ಖರ್ಚಿಲ್ಲದೆ ಪಡೆಯುವವನಿಗೆ ದೊಡ್ಡದಾಗಿ ಕಾಣುವುದನ್ನು ಹುಡುಕಿ ಕೊಡುವುದರಲ್ಲಿ ಈ ವ್ಯಾಪಾರದ ಜಾಣ್ಮೆಯಿದೆ.

ಸತ್ಕರ್ಮಕ್ಕೆ ಲೆಕ್ಕವಿಡುವುದು ನಮ್ಮವರಿಗೆ ಹೊಸದಲ್ಲ. ಚಿತ್ರಗುಪ್ತನ ಕಡತದಲ್ಲಿ ಪ್ರತಿಯೊಬ್ಬನ ಹೆಸರಿಗೂ ಒಂದು ಪುಟವುಂಟು. ದಾನ, ವ್ರತ, ಯಜ್ಞಗಳಿಂದ ಪುಣ್ಯ ಕೂಡುತ್ತದೆ. ಕೂಡಿದಷ್ಟು ಕಾಲ ಸ್ವರ್ಗದಲ್ಲಿ ಜಾಗ. ಆದರೆ ಆ ಜಾಗ ಯಾರಿಗೂ ಕ್ರಯಪತ್ರವಾಗಿ ಬಂದದ್ದಲ್ಲ. ಪುಣ್ಯ ತೀರಿದ ದಿನ ಗಂಟುಮೂಟೆ ಕಟ್ಟಿ ಮರಳಿ ಭೂಮಿಗೆ ಇಳಿಯಬೇಕು. ಹೋಟೆಲಿನ ದರ್ಜೆಯದೂ ಇದೇ ಕಥೆ. ಗಳಿಸಿದ ವರ್ಷ, ಅದರ ಮುಂದಿನ ವರ್ಷ, ಅದಾದ ಮೇಲೆ ಫೆಬ್ರವರಿ ಕೊನೆಯವರೆಗೆ ಪ್ಲಾಟಿನಂ. ಆಮೇಲೆ ಅದೇ ಬಾಗಿಲು, ಅದೇ ಪಟ್ಟಿ, “ಬಿಲ್ ರೂಮಿಗೆ ಹಾಕ್ಲಾ ಸರ್?” ಎಂಬ ವಿನಯದ ಪ್ರಶ್ನೆ. ಸ್ವರ್ಗದಿಂದ ಬೀಳುವಾಗ ಗುಡುಗು ಮಿಂಚು ಇರುತ್ತದೆಯೋ ಇಲ್ಲವೋ, ಇಲ್ಲಿ ಒಂದು ಇ-ಮೇಲ್ ಬರುತ್ತದೆ, ಅಷ್ಟೇ.

ಬೀಳುವ ಭಯ ಮನುಷ್ಯನಿಂದ ಏನೇನು ಮಾಡಿಸುತ್ತದೆ ಎಂಬುದನ್ನು ಡಿಸೆಂಬರ್ ತಿಂಗಳಲ್ಲಿ ನೋಡಬೇಕು. ವರ್ಷ ಮುಗಿಯುತ್ತ ಬಂತು, ನಾಲ್ಕೈದು ರಾತ್ರಿ ಕಡಿಮೆ ಬಿದ್ದಿವೆ. ಅದೇ ಊರಿನಲ್ಲಿ, ಅದೇ ಕಂಪನಿಯ ಅಗ್ಗದ ಹೋಟೆಲೊಂದರಲ್ಲಿ ರೂಮು ಹಿಡಿದು, ಕೀ ಪಡೆದು, ಹಾಸಿಗೆಯ ಮೇಲೆ ಕೂರದೆ ಮನೆಗೆ ವಾಪಸಾಗುವವರಿದ್ದಾರೆ. ಆ ಬಳಗದಲ್ಲಿ ಇದಕ್ಕೆ ಮ್ಯಾಟ್ರೆಸ್ ರನ್ ಎಂದೇ ಹೆಸರು. ಮಲಗದ ರಾತ್ರಿಯೂ ಲೆಕ್ಕಕ್ಕೆ ಬರುತ್ತದೆ, ಉಪವಾಸದ ಸಂಕಲ್ಪ ಮಾಡಿ ಫಲಾಹಾರದಲ್ಲೇ ಹೊಟ್ಟೆ ಬಿರಿಯ ತಿಂದವರ ಏಕಾದಶಿಯ ಹಾಗೆ. ಇನ್ನೊಂದು ವಿಚಿತ್ರವನ್ನು 2020ರಲ್ಲಿ ಕಂಡೆವು. ಕೋವಿಡ್ ಬಂದು ಹೋಟೆಲುಗಳೆಲ್ಲ ಭಣಗುಡುತ್ತಿದ್ದಾಗ ಕಂಪನಿಗಳು ಎಲ್ಲರ ದರ್ಜೆಯ ಗಡುವನ್ನೂ ಮುಂದೂಡಿದವು. ಮನೆಯ ಸೋಫಾ ಬಿಟ್ಟು ಏಳದವರು ಪ್ಲಾಟಿನಂ ಆಗಿಯೇ ಉಳಿದರು. ಹೋಗುವ ಬಾಗಿಲೇ ಮುಚ್ಚಿದ್ದಾಗಲೂ ಒಳಗೆ ಹೋಗುವ ಹಕ್ಕು ತಮ್ಮದೆಂಬುದರಲ್ಲಿ ಜನಕ್ಕೆ ಸಮಾಧಾನವಿತ್ತು. ಆಗಲೇ ನನಗೆ ಅನ್ನಿಸಿದ್ದು, ಈ ಹಿಗ್ಗಿಗೂ ಸೂಟಿಗೂ ದೋಸೆಗೂ ಸಂಬಂಧ ಕಡಿಮೆ ಎಂದು. ಅದು ಇನ್ನೊಬ್ಬರಿಗೆ ಇಲ್ಲದ್ದು ತನಗಿದೆ ಎಂಬುದರ ಹಿಗ್ಗು.

ಆ ಇನ್ನೊಬ್ಬರನ್ನು ಬೆಂಗಳೂರಿನ ಒಂದು ಹೋಟೆಲಿನ ಕೌಂಟರಿನಲ್ಲಿ ಹತ್ತಿರದಿಂದ ನೋಡಿದೆ. ಸದಸ್ಯರಿಗೆಂದು ಮೀಸಲಾದ ಸಾಲಿನಲ್ಲಿ ನಾನೊಬ್ಬನೇ. ಪಕ್ಕದ ಸಾಲಿನಲ್ಲಿ ಐವತ್ತರ ಆಸುಪಾಸಿನ ದಂಪತಿ. ಮಾತಿನಲ್ಲಿ ದಾವಣಗೆರೆಯ ಕಡೆಯವರು. ಆಕೆ ಇಳಕಲ್ ಸೀರೆ ಉಟ್ಟು, ಮಡಿಲಲ್ಲಿ ಹಣ್ಣಿನ ಚೀಲ ಇಟ್ಟುಕೊಂಡು ಸೋಫಾದ ತುದಿಯಲ್ಲಿ ಕೂತಿದ್ದರು. ಆತ ಮೊಬೈಲಿನಲ್ಲಿ ಮಗ ಕಳಿಸಿದ ಬುಕಿಂಗ್ ತೋರಿಸಿ, ದನಿ ತಗ್ಗಿಸಿ ಕೇಳಿದರು: “ಮುಂಜಾನೆ ನಾಷ್ಟಾ ಇದರಾಗ ಬರ್ತೈತೇನ್ರೀ?”

“ಇಲ್ಲ ಸರ್, ಇದು ರೂಮ್ ಓನ್ಲಿ ರೇಟು. ಬೇಕಿದ್ರೆ ಸೇರಿಸ್ತೀನಿ,” ಎಂದು ಕೌಂಟರಿನ ಹುಡುಗಿ ದರ ಹೇಳಿದಳು.

ಆತ ಹೆಂಡತಿಯ ಕಡೆ ತಿರುಗಿದರು. “ಬ್ಯಾಡ ಬಿಡ್ರಿ, ಹೊರಗ ಇಡ್ಲಿ ತಿಂದ್ರಾತು,” ಎಂದು ಆಕೆ ಅಲ್ಲಿಂದಲೇ ತೀರ್ಪು ಕೊಟ್ಟರು.

ಹುಡುಗಿ ಸುಮ್ಮನಿರದೆ, ಏನು ವಿಶೇಷ ಎಂದು ವಿಚಾರಿಸಿದಳು. ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತೆಂದು ಆತ ಸಂಕೋಚದಿಂದ ಹೇಳಿದರು. ಹುಡುಗಿ ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, ಎರಡು ಬಾರಿ ಕೀಲಿ ಒತ್ತಿ, “ತಿಂಡಿ ನಮ್ಮ ಕಡೆಯಿಂದ ಸರ್, ಇಬ್ಬರಿಗೂ,” ಎಂದಳು. ಸೋಫಾದಿಂದ ಎದ್ದು ಬಂದ ಹೆಂಗಸು, “ದೇವರು ನಿನಗ ಚಲೋದು ಮಾಡ್ಲಿ ತಂಗಿ,” ಅಂದು ಚೀಲದಿಂದ ಒಂದು ಸೇಬು ತೆಗೆದು ಕೌಂಟರಿನ ಮೇಲಿಟ್ಟರು.

ಅಷ್ಟರಲ್ಲಿ ನನ್ನ ಕೈಗೆ ದೊಡ್ಡ ರೂಮಿನ ಕೀ ಬಂದಿತ್ತು, ಇಬ್ಬರ ತಿಂಡಿ ಸಮೇತ. ಇದ್ದವನು ನಾನೊಬ್ಬ. ಅದೂ ಬೆಳಗಿನ ಜಾವ ದೇವನಹಳ್ಳಿಯಿಂದ ವಿಮಾನ ಹಿಡಿಯಬೇಕಾದವನು, ಬಫೆ ತೆರೆಯುವ ಮೊದಲೇ ಟ್ಯಾಕ್ಸಿ ಹತ್ತುವವನು. ದೊಡ್ಡ ರೂಮು ಯಾರ ಪಾಲಿಗೆ ಹಬ್ಬವಾಗುತ್ತಿತ್ತೋ ಅವರನ್ನು ದಾಟಿ, ಬರೀ ನಿದ್ದೆ ಮಾಡಿ ಹೋಗುವವನನ್ನು ಹುಡುಕಿಕೊಂಡು ಬಂತು. ಇದರಲ್ಲಿ ಯಾರ ಅನ್ಯಾಯವೂ ಇಲ್ಲ. ಪದೇ ಪದೇ ಬರುವವನಿಗೆ ಮೊದಲ ಮಣೆ ಎಂಬ ನಿಯಮ ಹಾಕಿದ ಮೇಲೆ, ಜೀವಮಾನಕ್ಕೊಮ್ಮೆ ಬರುವವನಿಗೆ ಕೊನೆಯ ಮಣೆ ಬೀಳುವುದು ಸಹಜ.

ನಾನು ಅಲ್ಲಿ ಗಮನಿಸಿದ್ದು ಸೇಬನ್ನು. ದರ್ಜೆ ಇರುವ ನಾವು ಯಾರೂ ಕೌಂಟರಿನ ಮೇಲೆ ಏನನ್ನೂ ಇಡುವುದಿಲ್ಲ. ಹಕ್ಕಾಗಿ ಬಂದದ್ದಕ್ಕೆ ಕೃತಜ್ಞತೆ ಹುಟ್ಟುವುದು ಕಷ್ಟ. ಸರಿಯಾಗಿ ಬಂತೇ ಎಂದು ತಾಳೆ ನೋಡುವ ಬುದ್ಧಿ ಮಾತ್ರ ಚುರುಕಾಗುತ್ತದೆ. ಚೆಕ್-ಇನ್‌ಗೆ ಮುಂಚೆ ಆ್ಯಪ್ ತೆರೆದು ಯಾವ ಸೂಟ್ ಇನ್ನೂ ಖಾಲಿಯಿದೆ ಎಂದು ಪತ್ತೆ ಮಾಡಿ, “ಅದು ನನಗ್ಯಾಕೆ ಸಿಗಲಿಲ್ಲ?” ಎಂದು ಮ್ಯಾನೇಜರನ್ನು ಕರೆಸುವವರುಂಟು. ಬಂದವರು ಅತಿಥಿಯ ವೇಷದಲ್ಲಿದ್ದಾರೆ, ಮಾತಾಡುವುದು ಮಾತ್ರ ವಸೂಲಿಗೆ ಬಂದ, ಸಾಲ ಕೊಟ್ಟವನ ಹಾಗೆ.

ಹಾಗಾದರೆ ಲೆಕ್ಕವಿಲ್ಲದ ಹಳೆಯ ಅತಿಥಿಸತ್ಕಾರವೇ ಶ್ರೇಷ್ಠವೆಂದು ಹಾಡಿ ಹೊಗಳಿ ಮುಗಿಸಬಹುದಿತ್ತು. ದಾರಿಹೋಕರಿಗೆ ಬೇಸಿಗೆಯಲ್ಲಿ ನೀರುಮಜ್ಜಿಗೆ ಕೊಡುತ್ತಿದ್ದ ಅರವಟ್ಟಿಗೆಗಳು, ಊರೂರ ಛತ್ರಗಳು, ಬೆಂಗಳೂರಿನ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರು ಪ್ರಯಾಣಿಕರಿಗೆಂದು ಕಟ್ಟಿಸಿದ ಧರ್ಮಛತ್ರ, ಇವೆಲ್ಲ ಕಣ್ಣಿಗೆ ಬರುತ್ತವೆ. ಆದರೆ ಆ ಕಾಲದ ಎಷ್ಟೋ ಛತ್ರಗಳಲ್ಲಿ ಒಂದು ಜಾತಿಗೆ ಒಳಗಿನ ಪಂಕ್ತಿ, ಇನ್ನೊಂದಕ್ಕೆ ಜಗಲಿ, ಮತ್ತೊಂದಕ್ಕೆ ಅಂಗಳವೂ ಇರಲಿಲ್ಲ. ಅಲ್ಲಿಯೂ ದರ್ಜೆಯಿತ್ತು. ಹುಟ್ಟಿನಿಂದ ಬಂದ ಆ ದರ್ಜೆಯನ್ನು ಯಾರೂ ಗಳಿಸುವಂತಿರಲಿಲ್ಲ, ಯಾರೂ ಕಳೆದುಕೊಳ್ಳುವಂತೆಯೂ ಇರಲಿಲ್ಲ. ಅದಕ್ಕೆ ಹೋಲಿಸಿದರೆ ಕಂಪ್ಯೂಟರಿನ ಲೆಕ್ಕ ಎಷ್ಟೋ ವಾಸಿ. ಅದು ನಿಮ್ಮ ಕುಲ ಕೇಳದೆ ರಾತ್ರಿಗಳನ್ನಷ್ಟೇ ಎಣಿಸುತ್ತದೆ. ಹಿಂದೊಮ್ಮೆ ಜಗಲಿಯಲ್ಲಿ ನಿಂತವರ ಮೊಮ್ಮಗನಿಗೆ ಇಂದು “ವೆಲ್ಕಮ್ ಬ್ಯಾಕ್ ಸರ್” ಕೇಳಿ ಬೆನ್ನು ನೆಟ್ಟಗಾದರೆ, ಆ ಹಿಗ್ಗನ್ನು ನಾನು ಹಗುರವಾಗಿ ಕಾಣಲಾರೆ.

ಲೆಕ್ಕವಿಡುವುದರಲ್ಲಿ ತಪ್ಪಿಲ್ಲ ಎಂದಾಯಿತು. ತೊಡಕು ಎಲ್ಲಿದೆ ಎಂದು ಹುಡುಕಹೊರಟರೆ ಮಹಾಭಾರತದ ಯಯಾತಿ ಎದುರಾಗುತ್ತಾನೆ. ಗಿರೀಶ ಕಾರ್ನಾಡರ 1961ರ ನಾಟಕದಿಂದಾಗಿ ನಮಗೆ ಹೆಚ್ಚು ಪರಿಚಿತನಾದವನು ಮಗ ಪೂರುವಿನ ಯೌವನ ಪಡೆದುಕೊಂಡ ಯಯಾತಿ. ಅವನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸತ್ತ ಮೇಲೆ ಸ್ವರ್ಗಕ್ಕೆ ಹೋದ ಅವನನ್ನು ಇಂದ್ರ ಕೇಳುತ್ತಾನೆ: ತಪಸ್ಸಿನಲ್ಲಿ ನಿನಗೆ ಸಮಾನರು ಯಾರು? ದೇವತೆಗಳಲ್ಲಿ, ಮನುಷ್ಯರಲ್ಲಿ, ಋಷಿಗಳಲ್ಲಿ ಯಾರೂ ಕಾಣೆ ಎನ್ನುತ್ತಾನೆ ಯಯಾತಿ. ಉಳಿದವರ ತಪಸ್ಸು ಎಷ್ಟೆಂದು ತಿಳಿಯದೆ ಅವರನ್ನು ಕಡೆಗಣಿಸಿದೆಯಾದ್ದರಿಂದ ನಿನ್ನ ಪುಣ್ಯ ಇಲ್ಲಿಗೆ ತೀರಿತು ಎಂದು ಇಂದ್ರ ಅವನನ್ನು ಕೆಳಕ್ಕೆ ನೂಕುತ್ತಾನೆ. ಬೀಳುತ್ತಿರುವವನ ಎದುರಿಗೆ ಸಿಗುವವರು ಅವನ ಮಗಳ ಮಕ್ಕಳು. ತಮ್ಮ ತಮ್ಮ ಪುಣ್ಯವನ್ನು ಅಜ್ಜನಿಗೆ ಕೊಡಲು ಅವರು ಮುಂದಾಗುತ್ತಾರೆ. ಉದ್ಯೋಗಪರ್ವದಲ್ಲಿ ಈ ಕಥೆ ಇನ್ನೊಮ್ಮೆ ಬರುವಾಗ ಮಗಳು ಮಾಧವಿಯೂ ತನ್ನ ಪುಣ್ಯದ ಅರ್ಧವನ್ನು ಕೊಡಲು ಬರುತ್ತಾಳೆ, ಅವನು ಮತ್ತೆ ಸ್ವರ್ಗಕ್ಕೇರುತ್ತಾನೆ. ಈ ಮಾಧವಿ ಯಾರು? ಗಾಲವನೆಂಬ ಯಾಚಕನಿಗೆ ಇಲ್ಲವೆನ್ನಲಾಗದೆ, ತನ್ನ ದಾನಿ ಎಂಬ ಹೆಸರು ಉಳಿಯಲೆಂದು ಯಯಾತಿಯೇ ಕೊಟ್ಟುಬಿಟ್ಟಿದ್ದ ಮಗಳು. ಗಾಲವನಿಗೆ ಬೇಕಿದ್ದ ಕುದುರೆಗಳನ್ನು ರಾಜರಿಂದ ಪಡೆಯಲು ಒಬ್ಬರ ನಂತರ ಒಬ್ಬರ ಬಳಿ ಇರಬೇಕಾಗಿ ಬಂದವಳು.

ಈ ಮನುಷ್ಯನ ಬದುಕಿನುದ್ದಕ್ಕೂ ಖರ್ಚಾದದ್ದು ಬೇರೆಯವರ ಖಾತೆ. ಯೌವನ ಮಗನದು, ದಾನಶೂರತೆಗೆ ಬೆಲೆ ತೆತ್ತವಳು ಮಗಳು, ಎರಡನೆಯ ಸಲದ ಸ್ವರ್ಗವೂ ಮಗಳು ಮೊಮ್ಮಕ್ಕಳ ಔದಾರ್ಯ. ಆದರೂ ಕೇಳಿದಾಗ ಅವನ ಬಾಯಿಂದ ಬಂದದ್ದು “ನನ್ನ ತಪಸ್ಸು” ಎಂಬ ಮಾತು.

ಪ್ಲಾಟಿನಂ ಕಾರ್ಡಿನ ಮೇಲೂ ಒಂದೇ ಹೆಸರು ಅಚ್ಚಾಗಿರುತ್ತದೆ. ಆ 50 ರಾತ್ರಿಗಳ ಬಿಲ್ಲು ಕಟ್ಟಿದ್ದು ಬಹುಪಾಲು ಕಂಪನಿ. ಪಾಯಿಂಟು ಸೇರಿದ್ದು ನೌಕರನ ಹೆಸರಿಗೆ. ನಾಲ್ಕು ಗಂಟೆಯವರೆಗೆ ಅವನು ರೂಮು ಬಿಡದಿದ್ದರೆ, ಸಂಜೆ ಬರುವವರಿಗೆ ಅದನ್ನು ಅಣಿಗೊಳಿಸಲು ಹೌಸ್‌ಕೀಪಿಂಗಿನ ಹೆಂಗಸು ಓಡಬೇಕು. ಅವಳು ಮನೆಯ ಬಸ್ಸು ಹಿಡಿಯುವ ಹೊತ್ತು ಮುಂದೆ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಹೋಟೆಲಿನ ಲೆಕ್ಕದಲ್ಲಿ ಒಂದು ರಾತ್ರಿ ಜಮಾ ಆಯಿತೆಂದರೆ ಮನೆಯಲ್ಲಿ ಒಂದು ರಾತ್ರಿ ಖರ್ಚು ಬಿತ್ತು. ಮಗುವಿಗೆ ಜ್ವರ ಬಂದ ರಾತ್ರಿ, ಅಪ್ಪನ ಬಿ.ಪಿ. ಏರಿದ ರಾತ್ರಿ, ಗ್ಯಾಸ್ ಮುಗಿದ ರಾತ್ರಿ, ಇವನ್ನೆಲ್ಲ ಒಬ್ಬಳೇ ನಿಭಾಯಿಸಿದವಳ ತಪಸ್ಸು ಯಾವ ಆ್ಯಪಿನಲ್ಲೂ ಕಾಣುವುದಿಲ್ಲ. ಬಾನ್‌ವಾಯ್ ಯೋಜನೆಯಲ್ಲಿ 600 ರಾತ್ರಿ ತಂಗಿ, 10 ವರ್ಷ ಪ್ಲಾಟಿನಂ ಆಗಿದ್ದವರಿಗೆ ಆ ದರ್ಜೆ ಜೀವಮಾನವಿಡೀ ಖಾಯಂ. ಒಂದೂವರೆ ವರ್ಷಕ್ಕೂ ಹೆಚ್ಚಿನ ರಾತ್ರಿಗಳು! ಪಾಯಿಂಟುಗಳನ್ನು ಮನೆಯವರ ಹೆಸರಿಗೆ ವರ್ಗಾಯಿಸಲು ನಿಯಮವಿದೆ. ರಾತ್ರಿಗಳನ್ನು ವರ್ಗಾಯಿಸಲು ಬರುವುದಿಲ್ಲ.

ಇಷ್ಟಾಗಿಯೂ ಕಾರ್ಡನ್ನು ಕತ್ತರಿಸಿ ಎಸೆಯಿರಿ ಎಂದು ನಾನು ಹೇಳಲಾರೆ. ಸಿಕ್ಕ ಸೌಕರ್ಯವನ್ನು ಅನುಭವಿಸುವುದರಲ್ಲಿ ಪಾಪವಿಲ್ಲ. ದಣಿದು ಬಂದವನಿಗೆ ಒಳ್ಳೆಯ ಹಾಸಿಗೆ ಒಳ್ಳೆಯದೇ. ಯಯಾತಿಯನ್ನು ಇಂದ್ರ ತಳ್ಳಿದ್ದು ಸ್ವರ್ಗದಲ್ಲಿ ಸುಖಪಟ್ಟನೆಂದಲ್ಲ, ಉಳಿದವರ ತಪಸ್ಸನ್ನು ಲೆಕ್ಕಕ್ಕೆ ಹಿಡಿಯದೆ ಹೋದನೆಂದು. ಇದು ನಾನೊಬ್ಬನೇ ಗಳಿಸಿದ್ದಲ್ಲ ಎಂದು ತಿಳಿದವನು ಕೌಂಟರಿನ ಮುಂದೆ ನಿಲ್ಲುವ ರೀತಿಯೇ ಬೇರೆಯಾಗುತ್ತದೆ. ಅಪ್‌ಗ್ರೇಡ್ ಸಿಗದಿದ್ದರೆ ಅವನು ಯಾರನ್ನೂ ಕರೆಸಿ ದಬಾಯಿಸುವುದಿಲ್ಲ. ಅಗತ್ಯವಿಲ್ಲದಿದ್ದರೆ ಹನ್ನೊಂದಕ್ಕೇ ರೂಮು ಬಿಟ್ಟುಕೊಡುತ್ತಾನೆ. ಸೇರಿದ ಪಾಯಿಂಟುಗಳನ್ನು ಮುಂದಿನ ದರ್ಜೆಯ ಆಸೆಗೆ ಕೂಡಿಡದೆ, ತಾನು ಮನೆಯಲ್ಲಿಲ್ಲದಾಗ ಮನೆ ನಡೆಸಿದವರಿಗಾಗಿ ಖರ್ಚು ಮಾಡುತ್ತಾನೆ; ಅಷ್ಟಕ್ಕೆ ಬಾಕಿ ತೀರಲಿಲ್ಲ ಎಂಬುದೂ ಅವನಿಗೆ ಗೊತ್ತಿರುತ್ತದೆ. ಹೋಟೆಲಿನವರ ಪುಸ್ತಕದಲ್ಲಿ ಅವನು ಜಮಾ ಇಟ್ಟ ಗಿರಾಕಿ, ಮನೆಯ ಪುಸ್ತಕದಲ್ಲಿ ಸಾಲ ಉಳಿಸಿಕೊಂಡವನು. ಈ ಎರಡು ಪುಸ್ತಕಗಳನ್ನೂ ಓದಬಲ್ಲವನಿಗೆ ಪ್ಲಾಟಿನಂ ಕಾರ್ಡಿನಿಂದ ಅಪಾಯವಿಲ್ಲ.