ಆಂಪ್ಲಿಫೈಯರ್ ಮನೆಗೆ ಬಂತು, ಇನ್ನು ಕೇಳುವುದನ್ನು ಕಲಿಯೋಣ

ಒಳ್ಳೆಯ ಹೆಡ್‌ಫೋನ್ ಆಂಪ್ಲಿಫೈಯರ್ ಕೊಳ್ಳಲು ಸಂಗೀತದ ಹುಚ್ಚು ಹತ್ತಿದವರು ಪಡುವ ಪಾಡು ಸಣ್ಣದಲ್ಲ. ವರ್ಷಗಟ್ಟಲೆ ಹಣ ಕೂಡಿಡುತ್ತಾರೆ, ಗೆಳೆಯರ ಮನೆಗಳಿಗೆ ಹೋಗಿ ಕಿವಿಗೊಟ್ಟು ಬರುತ್ತಾರೆ, ಅಳತೆಯ ನಕ್ಷೆಗಳನ್ನು ಬಾಯಿಪಾಠ ಮಾಡುತ್ತಾರೆ. ಪೆಟ್ಟಿಗೆ ಮನೆಗೆ ಬಂದ ಮೇಲೆ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ. ಬಹಳ ಕಾಲ ಈ ಹವ್ಯಾಸದಲ್ಲಿದ್ದು ನಾನು ಕಂಡುಕೊಂಡದ್ದು ಇಷ್ಟು: ಉತ್ತಮ ಉಪಕರಣ ನಮ್ಮನ್ನು ಉತ್ತಮ ಕೇಳುಗರನ್ನಾಗಿ ಮಾಡಲಾರದು, ಆದರೆ ಕೇಳದೆ ಉಳಿಯಲು ನಾವು ಹೇಳುತ್ತಿದ್ದ ನೆಪಗಳನ್ನೆಲ್ಲ ಕಸಿದುಕೊಳ್ಳುತ್ತದೆ. ಅಲ್ಲಿಂದ ಮುಂದಿನದು ನಮ್ಮ ಅಭ್ಯಾಸಕ್ಕೆ ಬಿಟ್ಟದ್ದು.

ಕೊಂಡದ್ದು ಏನೆಂದು ಅರಿಯಿರಿ

ಆಂಪ್ಲಿಫೈಯರ್ ಎಷ್ಟು ದುಡಿಯಬೇಕು ಎಂಬುದನ್ನು ನಿರ್ಧರಿಸುವುದು ಹೆಡ್‌ಫೋನ್. ಸೆನ್‌ಹೈಸರ್ ಕಂಪನಿಯ ಎಚ್‌ಡಿ 600 ಹೆಡ್‌ಫೋನ್ ಮಾರುಕಟ್ಟೆಗೆ ಬಂದದ್ದು 1997ರಲ್ಲಿ. ಅದರ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, 300 ಓಮ್. ಅದಕ್ಕೆ ಹೆಚ್ಚು ಕರೆಂಟ್ ಬೇಡ, ಸಾಕಷ್ಟು ವೋಲ್ಟೇಜ್ ಬೇಕು. ಮೊಬೈಲ್‌ನ ಪುಟ್ಟ ಸರ್ಕ್ಯೂಟ್ ತಡವರಿಸುವುದು ಅಲ್ಲಿಯೇ. ಹೈಫೈಮ್ಯಾನ್‌ನ ಎಚ್‌ಇ-6 ಇನ್ನೊಂದು ಬಗೆಯದು. ಅದರ ಇಂಪೀಡೆನ್ಸ್ 50 ಓಮ್ ಮಾತ್ರ, ಆದರೆ ಒಂದು ಮಿಲಿವ್ಯಾಟ್ ಕೊಟ್ಟರೆ ಹೊರಡುವುದು 83.5 ಡೆಸಿಬೆಲ್ ಅಷ್ಟೇ. ಸದ್ದು 10 ಡೆಸಿಬೆಲ್ ಏರಬೇಕಾದರೆ ಹತ್ತು ಪಟ್ಟು ಶಕ್ತಿ ಸುರಿಯಬೇಕು. ಆದ್ದರಿಂದ ತಬಲಾದ ಒಂದು ಗಟ್ಟಿ ಪೆಟ್ಟು ಆ ಹೆಡ್‌ಫೋನಿನಲ್ಲಿ 103.5 ಡೆಸಿಬೆಲ್ ಮುಟ್ಟಲು 100 ಮಿಲಿವ್ಯಾಟ್ ಬೇಕಾಗುತ್ತದೆ. ಆಂಪ್ಲಿಫೈಯರ್‌ನ ನಿಜವಾದ ಕೆಲಸ ಇಂಥ ಕ್ಷಣಗಳಲ್ಲಿದೆ. ಉಳಿದ ಹೊತ್ತೆಲ್ಲ ಅದು ತನ್ನ ಸಾಮರ್ಥ್ಯದ ಅತಿ ಸಣ್ಣ ಪಾಲಿನಲ್ಲಿ ಸುಮ್ಮನೆ ದುಡಿಯುತ್ತಿರುತ್ತದೆ.

ಈ ಲೆಕ್ಕ ಗೊತ್ತಿದ್ದವರ ಆಸೆಗೆ ಒಂದು ಎಲ್ಲೆ ಸಿಗುತ್ತದೆ. ತನ್ನ ಹೆಡ್‌ಫೋನಿಗೆ ಎಷ್ಟು ಬೇಕು ಎಂದು ತಿಳಿದವನಿಗೆ ಜಾಹೀರಾತಿನ ವ್ಯಾಟ್‌ಗಳು ಆಮಿಷ ಒಡ್ಡಲಾರವು. 2011ರಲ್ಲಿ ಹೆಸರು ಬಹಿರಂಗಪಡಿಸದ ಒಬ್ಬ ವಿನ್ಯಾಸಕಾರ ‘ಆಬ್ಜೆಕ್ಟಿವ್ 2’ ಎಂಬ ಆಂಪ್ಲಿಫೈಯರ್‌ನ ಸರ್ಕ್ಯೂಟನ್ನು ಎಲ್ಲರ ಮುಂದಿಟ್ಟ. ಯಾರು ಬೇಕಾದರೂ ಕಡಿಮೆ ಖರ್ಚಿನಲ್ಲಿ ಜೋಡಿಸಿಕೊಳ್ಳಬಹುದಾಗಿದ್ದ ಆ ಪೆಟ್ಟಿಗೆ, ಅಳತೆಗೆ ನಿಂತರೆ ತನಗಿಂತ ಎಷ್ಟೋ ದುಬಾರಿಯಾದವುಗಳಿಗೆ ಸರಿಸಾಟಿಯಾಗಿತ್ತು. ಹಾಗೆಂದು ದುಬಾರಿ ಆಂಪ್ಲಿಫೈಯರ್ ಕೊಂಡವರು ನಾಚಬೇಕಿಲ್ಲ. ಗಟ್ಟಿಮುಟ್ಟಾದ ರಚನೆ, ಕಷ್ಟದ ಹೆಡ್‌ಫೋನನ್ನೂ ನಡೆಸುವ ಮೀಸಲು ಶಕ್ತಿ, ನುಣ್ಣಗೆ ತಿರುಗುವ ವಾಲ್ಯೂಮ್ ಗುಂಡಿ, ಕಣ್ಣಿಗೆ ಹಿತವಾದ ರೂಪ, ಇವೆಲ್ಲ ಹಣ ಕೊಡಲು ತಕ್ಕ ಕಾರಣಗಳೇ. ಯಾವುದಕ್ಕೆ ಕೊಟ್ಟೆ ಎಂದು ತನಗೆ ತಾನು ನಿಜ ಹೇಳಿಕೊಂಡರೆ ಸಾಕು. ಕೊಂಡ ವಸ್ತುವಿಗೆ ಇಲ್ಲದ ಗುಣ ಹೊರಿಸಿ ಸಮರ್ಥಿಸಿಕೊಳ್ಳುವ ಚಾಳಿ ಒಮ್ಮೆ ಅಂಟಿತೆಂದರೆ ಬದುಕಿನ ಬೇರೆ ತೀರ್ಮಾನಗಳಿಗೂ ಹಬ್ಬುತ್ತದೆ.

ತೂಗುವ ಮೊದಲು ತಕ್ಕಡಿ ಸರಿಯಿರಲಿ

ಎರಡು ಆಂಪ್ಲಿಫೈಯರ್‌ಗಳನ್ನು ಹೋಲಿಸುವಾಗ ಕಿವಿ ಮೋಸಹೋಗುವ ಬಗೆ ಎಲ್ಲರಿಗೂ ಒಂದೇ. ತುಸು ಜೋರಾಗಿರುವುದು ಹೆಚ್ಚು ಸ್ಪಷ್ಟ, ಹೆಚ್ಚು ಜೀವಂತ ಅನ್ನಿಸಿಬಿಡುತ್ತದೆ. ವ್ಯತ್ಯಾಸ ಒಂದು ಡೆಸಿಬೆಲ್‌ಗಿಂತ ಕಡಿಮೆಯಿದ್ದರೆ ಅದು ಸದ್ದಿನ ವ್ಯತ್ಯಾಸ ಎಂದು ಹೊಳೆಯುವುದೂ ಕಷ್ಟ, ಗುಣದ ವ್ಯತ್ಯಾಸ ಎಂದೇ ತೋರುತ್ತದೆ. ಇದಕ್ಕೆ ಮದ್ದು ಹಳೆಯದು. ಕಂಡು ಹೇಳದೆ ಕೇಳಿ ಮಾತ್ರ ಹೇಳುವ ಎಬಿಎಕ್ಸ್ ಪರೀಕ್ಷೆಯನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಮನ್ಸನ್ ಮತ್ತು ಗಾರ್ಡ್ನರ್ 1950ರಲ್ಲಿ ವಿವರಿಸಿದರು. 1982ರಲ್ಲಿ ಡೇವಿಡ್ ಕ್ಲಾರ್ಕ್ ಅದನ್ನು ಆಡಿಯೋ ಉಪಕರಣಗಳಿಗೆ ಒಗ್ಗಿಸಿ ಬರೆದರು.

ಮನೆಯಲ್ಲೂ ಇದನ್ನು ಮಾಡಬಹುದು. ಹೆಡ್‌ಫೋನ್ ಜೋಡಿಸಿದ ಸ್ಥಿತಿಯಲ್ಲಿ ಒಂದು ಪರೀಕ್ಷಾ ನಾದ ಹಾಕಿ, ಎರಡೂ ಆಂಪ್ಲಿಫೈಯರ್‌ಗಳ ಔಟ್‌ಪುಟ್ ವೋಲ್ಟೇಜನ್ನು ಮಲ್ಟಿಮೀಟರ್‌ನಲ್ಲಿ ಅಳೆದು ಸರಿದೂಗಿಸಿ. ಅಂತರ ಶೇಕಡಾ ಒಂದರೊಳಗಿದ್ದರೆ ಸದ್ದು 0.1 ಡೆಸಿಬೆಲ್‌ನೊಳಗೆ ಸಮವಾದಂತೆ. ಆಮೇಲೆ ನಿಮಗೆ ಕಾಣದಂತೆ ಗೆಳೆಯರೊಬ್ಬರು ಬದಲಿಸುತ್ತಿರಲಿ, ಈಗ ನುಡಿಯುತ್ತಿರುವುದು ಯಾವುದೆಂದು ನೀವು ಬರೆಯುತ್ತ ಹೋಗಿ. 16ರಲ್ಲಿ 12 ಅಥವಾ ಹೆಚ್ಚು ಸಲ ಸರಿ ಹೇಳಿದರೆ ವ್ಯತ್ಯಾಸ ಕೇಳಿಸುತ್ತಿದೆ ಎನ್ನಲು ಆಧಾರವುಂಟು. ಬರೀ ಊಹೆಯಿಂದ ಅಷ್ಟು ಸರಿಯಾಗುವ ಸಂಭವ ಶೇಕಡಾ ನಾಲ್ಕಕ್ಕಿಂತ ಕಡಿಮೆ.

ಈ ಅಭ್ಯಾಸವನ್ನು ನಾನು ಇಷ್ಟೊಂದು ಒತ್ತಿ ಹೇಳುವುದು ಆಂಪ್ಲಿಫೈಯರ್‌ಗಾಗಿ ಮಾತ್ರ ಅಲ್ಲ. ಮನೆಯ ಜಗಳದಲ್ಲಿ, ಕಚೇರಿಯ ಸಭೆಯಲ್ಲಿ, ಊರಿನ ಪಂಚಾಯಿತಿಯಲ್ಲಿ ಜೋರು ದನಿಯ ಮಾತೇ ಸರಿ ಅನ್ನಿಸಿಬಿಡುವುದನ್ನು ನೋಡುತ್ತೇವೆ. ಮೊದಲು ದನಿಗಳನ್ನು ಸಮ ಮಾಡಿಕೊಂಡು ಆಮೇಲೆ ಮಾತಿನ ತಿರುಳು ನೋಡುವುದನ್ನು ಕಲಿತವನು ಅಲ್ಲೆಲ್ಲ ನ್ಯಾಯವಾಗಿ ನಡೆದುಕೊಳ್ಳುತ್ತಾನೆ. ತನ್ನ ಅಚ್ಚುಮೆಚ್ಚಿನ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿ, ಫಲಿತಾಂಶ ಒಪ್ಪಿಕೊಳ್ಳುವ ಧೈರ್ಯವೂ ಅವನಿಗೆ ಬರುತ್ತದೆ.

ಇದ್ದಷ್ಟನ್ನೂ ಬಳಸಬೇಕಿಲ್ಲ

ಶಕ್ತಿಶಾಲಿ ಆಂಪ್ಲಿಫೈಯರ್ ಕೈಯಲ್ಲಿದ್ದಾಗ ಸಂಯಮವೇ ದೊಡ್ಡ ಗುಣ. ಶುದ್ಧವಾದ ಸದ್ದು ಜೋರಾದರೂ ಬೇಗ ಕಿರಿಕಿರಿ ಮಾಡುವುದಿಲ್ಲ. ಅಗ್ಗದ ಉಪಕರಣ ಒಡಕು ದನಿಯಿಂದ ಕೊಡುತ್ತಿದ್ದ ಎಚ್ಚರಿಕೆ ಇಲ್ಲಿ ಸಿಗುವುದಿಲ್ಲವಾದ್ದರಿಂದ ಎಚ್ಚರ ನಮ್ಮದೇ ಆಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಮೂರು ಡೆಸಿಬೆಲ್ ಏರಿದಾಗಲೆಲ್ಲ ಆ ಅವಧಿ ಅರ್ಧಕ್ಕಿಳಿಯುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಎಷ್ಟೇ ಬೆಲೆಯ ಆಂಪ್ಲಿಫೈಯರ್ ಆದರೂ ಮುಂದೆ ಇನ್ನೊಂದು ಕೊಳ್ಳಬಹುದು, ಕಿವಿಯನ್ನು ಕೊಳ್ಳಲಾಗದು.

ಆದ್ದರಿಂದ ಕೆಲವು ಸಣ್ಣ ನಿಯಮಗಳು. ಹೆಡ್‌ಫೋನ್ ಸಿಕ್ಕಿಸುವ ಮೊದಲು ವಾಲ್ಯೂಮ್ ಪೂರ್ತಿ ಇಳಿಸಿ. ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂದು ನಿರ್ಧರಿಸುವ ಗೇನ್ ಸ್ವಿಚ್ ಕೆಳಗಿನ ಮಟ್ಟದಲ್ಲೇ ಇರಲಿ, ಸಾಲದಿದ್ದಾಗ ಮಾತ್ರ ಏರಿಸಿ. ಮೆಲ್ಲನೆಯ ಸದ್ದಿನಲ್ಲಿ ಆರಂಭಿಸಿ ಕಿವಿ ಒಗ್ಗಲು ಕೆಲವು ನಿಮಿಷ ಕೊಡಿ; ಸಾಲದು ಅನ್ನಿಸಿದ್ದು ಅಷ್ಟರಲ್ಲಿ ಸಾಕಾಗುತ್ತದೆ. ಒಮ್ಮೆ ನಿಗದಿ ಮಾಡಿದ ಮಟ್ಟವನ್ನು ಕೇಳಿ ಮುಗಿಸಿ ಏಳುವ ತನಕ ಮತ್ತೆ ಏರಿಸಬೇಡಿ. ಗುಂಡಿ ಇನ್ನೂ ತಿರುಗುತ್ತದೆ ಎಂದು ಗೊತ್ತಿದ್ದೂ ತಿರುಗಿಸದೆ ಇರುವುದು ಸಿಟ್ಟಿನಲ್ಲಿ, ಖರ್ಚಿನಲ್ಲಿ, ಅಧಿಕಾರದಲ್ಲಿ ಕೂಡ ನಮಗೆ ಬೇಕಾದ ಅಭ್ಯಾಸವೇ.

ಒಂದು ಗಂಟೆ, ಒಂದೇ ಸಂಗೀತ

ಹಳೆಯ 78 ತಿರುವಿನ ಹತ್ತಂಗುಲದ ಗ್ರಾಮಫೋನ್ ತಟ್ಟೆ ಒಂದು ಬದಿಗೆ ಸುಮಾರು ಮೂರು ನಿಮಿಷ ಹಾಡುತ್ತಿತ್ತು. ಎದ್ದು ಹೋಗಿ ಮಗುಚಿ ಹಾಕಬೇಕಿದ್ದರಿಂದ ಕೇಳುಗ ಆ ಮೂರು ನಿಮಿಷವನ್ನು ಹಗುರವಾಗಿ ಕಳೆಯುತ್ತಿರಲಿಲ್ಲ. ಇಂದು ಲಕ್ಷಗಟ್ಟಲೆ ಹಾಡುಗಳು ಬೆರಳ ತುದಿಯಲ್ಲಿವೆ. ಅಂದು ಯಂತ್ರವೇ ಹೇರುತ್ತಿದ್ದ ಶಿಸ್ತನ್ನು ಇಂದು ನಾವೇ ಹಾಕಿಕೊಳ್ಳಬೇಕು.

ಹೊಸ ಆಂಪ್ಲಿಫೈಯರ್ ಬಂದಾಗ ಹಾಡಿನ ಅದೇ ಅರ್ಧ ನಿಮಿಷವನ್ನು ಮತ್ತೆ ಮತ್ತೆ ಹಾಕಿ ಯಂತ್ರವನ್ನು ಕೇಳುವುದು ಸಹಜ. ಅದಕ್ಕೊಂದು ದಿನ ಇಡಿ, ಉಳಿದ ದಿನಗಳು ಸಂಗೀತಕ್ಕಿರಲಿ. ಧಾರವಾಡದ ಮಲ್ಲಿಕಾರ್ಜುನ ಮನಸೂರರ ಗಾಯನದ ಒಂದು ಪೂರ್ಣ ಧ್ವನಿಮುದ್ರಣ ಆರಿಸಿಕೊಳ್ಳಿ. ಫೋನ್ ಬೇರೆ ಕೋಣೆಯಲ್ಲಿರಲಿ. ಮೊದಲ ಸಲ ತಂಬೂರಿಯನ್ನು ಮಾತ್ರ ಹಿಂಬಾಲಿಸಿ: ದನಿಯ ಹಿಂದೆ ಅದು ಎಲ್ಲಿ ನಿಂತಿದೆ, ಎಲ್ಲಿ ಮುಚ್ಚಿಹೋಗಿ ಎಲ್ಲಿ ಮತ್ತೆ ತೆರೆದುಕೊಳ್ಳುತ್ತದೆ ನೋಡಿ. ಎರಡನೆಯ ಸಲ ಅವರು ಉಸಿರು ತೆಗೆದುಕೊಳ್ಳುವ ಎಡೆಗಳನ್ನು ಗಮನಿಸಿ. ತಾನ್‌ಗಳ ನಡುವೆ ಅಷ್ಟು ಕಡಿಮೆ ಬಿಡುವಿನಲ್ಲಿ ಆ ಉಸಿರು ಹೇಗೆ ಒದಗುತ್ತದೆ ಎಂದು ಬೆರಗಾಗುತ್ತದೆ. ಮೂರನೆಯ ಸಲ ತಾಳದ ಆವರ್ತನವನ್ನು ಬೆರಳಲ್ಲಿ ಎಣಿಸುತ್ತ, ಅದರ ಮೊದಲ ಮಾತ್ರೆಯಾದ ಸಮ್‌ಗಾಗಿ ಕಾಯಿರಿ. ಸದ್ದಿಲ್ಲದ ಹಿನ್ನೆಲೆಯುಳ್ಳ ಒಳ್ಳೆಯ ಆಂಪ್ಲಿಫೈಯರ್ ಈ ಸೂಕ್ಷ್ಮಗಳನ್ನೆಲ್ಲ ಹತ್ತಿರ ತಂದಿಡುತ್ತದೆ. ಹೆಕ್ಕಿಕೊಳ್ಳುವುದು ನಮ್ಮ ಗಮನದ ಕೆಲಸ. ಹೀಗೆ ಕೇಳಿ ಪಳಗಿದ ಕಿವಿ ಎದುರು ಕೂತ ಮನುಷ್ಯನ ಮಾತನ್ನೂ ನಡುವೆ ಬಾಯಿಹಾಕದೆ ಪೂರ್ತಿ ಕೇಳುತ್ತದೆ.

ಜೊತೆಯವರನ್ನು ಮರೆಯದಿರಿ

ಹೆಡ್‌ಫೋನ್ ಹಾಕಿಕೊಂಡವರು ಮನೆಯಲ್ಲಿದ್ದೂ ಇಲ್ಲದಂತೆ ಆಗುತ್ತಾರೆ. ಕೇಳುವ ಹೊತ್ತನ್ನು ಮನೆಯವರಿಗೆ ಮೊದಲೇ ತಿಳಿಸಿ, ಹೇಳಿದ ಸಮಯಕ್ಕೆ ಎದ್ದುಬಿಡಿ. ಎಚ್‌ಡಿ 600 ಥರದ ತೆರೆದ ಬೆನ್ನಿನ ಹೆಡ್‌ಫೋನಿನ ಸದ್ದು ಪಕ್ಕದವರಿಗೂ ಕೇಳಿಸುತ್ತದೆ. ಮಲಗಿದವರಿರುವ ಕೋಣೆಯಲ್ಲಿ ಅದನ್ನು ಬಳಸಬೇಡಿ. ಆಸೆಗಣ್ಣಿನಿಂದ ನೋಡುವ ಮಗುವಿಗೆ, ಸೊಸೆಗೆ, ಅಜ್ಜಿಗೆ ಅವರಿಷ್ಟದ ಹಾಡನ್ನೇ ಹಾಕಿ ಕೇಳಿಸಿ. ಹೊಸಬರು ಏನು ಕೊಳ್ಳಲಿ ಎಂದು ಕೇಳಿದರೆ, ಏನು ಕೇಳುತ್ತೀರಿ, ಎಲ್ಲಿ ಕೂತು ಕೇಳುತ್ತೀರಿ ಎಂದು ಮೊದಲು ವಿಚಾರಿಸಿ. ಇರುವುದೇ ಸಾಕಾಗಿದ್ದರೆ ಸಾಕು ಎಂದೇ ಹೇಳಿ. ಅನುಭವಸ್ಥರು ಕೊಡಬಹುದಾದ ಅತ್ಯಂತ ಬೆಲೆಯುಳ್ಳ ಸಲಹೆ ಅದು.

ಸಾಕು ಎಂಬ ಗೆರೆ

ಸೆನ್‌ಹೈಸರ್ 1991ರಲ್ಲಿ ‘ಆರ್ಫಿಯಸ್’ ಎಂಬ ಹೆಡ್‌ಫೋನ್ ಮತ್ತು ಟ್ಯೂಬ್ ಆಂಪ್ಲಿಫೈಯರ್‌ನ ಜೋಡಿ ತಂದಾಗ ಅದಕ್ಕಿಂತ ಮೇಲಿಲ್ಲ ಎಂದರು. ತಯಾರಾದದ್ದು ಸುಮಾರು 300 ಮಾತ್ರ. 2015ರಲ್ಲಿ ಅದೇ ಕಂಪನಿ ಅಮೃತಶಿಲೆಯ ಕವಚದ, ಎಂಟು ವ್ಯಾಕ್ಯೂಮ್ ಟ್ಯೂಬ್‌ಗಳ ‘ಎಚ್‌ಇ 1’ ಪ್ರಕಟಿಸಿತು. ಆಗ ಅದರ ಬೆಲೆ ಸುಮಾರು 50 ಸಾವಿರ ಯೂರೋ. ಈ ಏಣಿಗೆ ತುದಿಯಿಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಹೊಸ ಸುಖಕ್ಕೆ ಬೇಗ ಒಗ್ಗಿ ಮತ್ತೆ ಮೊದಲಿನ ಅತೃಪ್ತಿಗೇ ಮರಳುವ ಮನಸ್ಸಿನ ಗುಣವನ್ನು ಮನೋವಿಜ್ಞಾನಿಗಳಾದ ಬ್ರಿಕ್‌ಮನ್ ಮತ್ತು ಕ್ಯಾಂಪ್‌ಬೆಲ್ 1971ರಲ್ಲೇ ಗುರುತಿಸಿದ್ದರು.

ಗೆರೆಯನ್ನು ನಾವೇ ಎಳೆದುಕೊಳ್ಳಬೇಕು. ಆಂಪ್ಲಿಫೈಯರ್ ಕೊಂಡ ಮೇಲೆ ಒಂದು ವರ್ಷ ಏನನ್ನೂ ಬದಲಿಸುವುದಿಲ್ಲ ಎಂದು ನಿಶ್ಚಯಿಸಿ. ಏನೋ ಕೊರತೆ ಎನ್ನಿಸಿದಾಗ, ಯಾವ ಸಂಗೀತದ ಯಾವ ಜಾಗದಲ್ಲಿ ಏನು ಕೇಳಿಸುತ್ತಿಲ್ಲ ಎಂದು ಪುಸ್ತಕದಲ್ಲಿ ಬರೆದಿಡಿ. ಬರೆಯಲು ಆಗದ ಕೊರತೆ ಹೆಚ್ಚಿನ ಸಲ ಬರೀ ಹೊಸತರ ಆಸೆಯಾಗಿರುತ್ತದೆ. ಉಪಕರಣಕ್ಕೆಂದು ಎತ್ತಿಟ್ಟ ಹಣದಲ್ಲಿ ಒಂದು ಪಾಲು ಕಛೇರಿಗಳ ಟಿಕೆಟ್ಟಿಗೆ, ಒಂದು ಪಾಲು ಧ್ವನಿಮುದ್ರಣಗಳಿಗೆ ಹೋಗಲಿ. ವೇದಿಕೆಯ ಮೇಲಿನ ನಿಜವಾದ ತಂಬೂರಿ ಕೇಳಿದ ಕಿವಿಯೇ ಆಂಪ್ಲಿಫೈಯರ್‌ನ ತಂಬೂರಿಗೆ ಸಾಕ್ಷಿ ನುಡಿಯಬಲ್ಲದು.

ನಿಮ್ಮ ಆಂಪ್ಲಿಫೈಯರ್ ಯಾವುದು ಎಂದು ಯಾರಾದರೂ ಕೇಳಿದರೆ ಸಂತೋಷದಿಂದ ಹೇಳಿ, ದುಡಿದು ಕೊಂಡದ್ದರ ಬಗ್ಗೆ ಹೆಮ್ಮೆ ತಪ್ಪಲ್ಲ. ಆದರೆ ಅದರಲ್ಲಿ ಈಚೆಗೆ ಏನು ಕೇಳಿದಿರಿ ಎಂದು ಅವರು ಮುಂದುವರಿಸಿದರೆ, ಆಗ ಹೇಳಲು ಇನ್ನೂ ಹೆಚ್ಚು ಇರುವ ಹಾಗೆ ಬದುಕೋಣ.