ನಿಂತ ಹೊತ್ತು ಯಾರ ಲೆಕ್ಕಕ್ಕೆ?

ಸೈಕಲ್ಲಿನ ಹ್ಯಾಂಡಲಿಗೆ ಸಿಕ್ಕಿಸುವ ಒಂದು ಪುಟ್ಟ ಜಿಪಿಎಸ್ ಮೀಟರ್ ಆರಿಸಲು ನನಗೆ ಮೂರು ವಾರ ಬೇಕಾಯಿತು. ಶೋಳಿಂಗನಲ್ಲೂರಿನಲ್ಲಿ ಫ್ಲಾಟ್ ನೋಡುವಾಗಲೂ ನಾನು ಇಷ್ಟು ಯೋಚಿಸಿರಲಿಲ್ಲ ಎಂದು ಹೆಂಡತಿ ಹೇಳುವುದು ಪೂರ್ತಿ ಸುಳ್ಳೇನಲ್ಲ.

ಮೊದಲು ನನ್ನ ಬಳಿ ಇದ್ದದ್ದು ಚಕ್ರದ ಕಡ್ಡಿಗೆ ಅಯಸ್ಕಾಂತ ಕಟ್ಟುವ ಹಳೇ ಮಾದರಿ. ಅದಕ್ಕೆ ಟಯರಿನ ಸುತ್ತಳತೆಯನ್ನು ನಾವೇ ತುಂಬಬೇಕು. 700x25 ಟಯರಿಗೆ 2105 ಮಿಲಿಮೀಟರ್, 700x28ಕ್ಕೆ 2136. ಸಣ್ಣ ಟಯರು ಹಾಕಿಕೊಂಡು ದೊಡ್ಡದರ ಸಂಖ್ಯೆ ತುಂಬಿದರೆ ನೂರು ಕಿಲೋಮೀಟರಿಗೆ ಸುಮಾರು ಒಂದೂವರೆ ಕಿಲೋಮೀಟರ್ ಪುಕ್ಕಟೆ. ಒಂದು ವರ್ಷ ನಾನು ಹಾಗೆಯೇ ಓಡಿಸಿದ್ದೆ. ಗೊತ್ತಿಲ್ಲದೆ ಎಂದು ಹೇಳಿಕೊಳ್ಳುತ್ತೇನೆ. ಗೊತ್ತಾದ ಮೇಲೂ ಎರಡು ತಿಂಗಳು ಸರಿಮಾಡಲಿಲ್ಲ ಎನ್ನುವುದೂ ನಿಜ.

ಜಿಪಿಎಸ್ ಮೀಟರು ನಮ್ಮನ್ನು ಏನೂ ಕೇಳುವುದಿಲ್ಲ. ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿರುವ ಕನಿಷ್ಠ ನಾಲ್ಕು ಉಪಗ್ರಹಗಳನ್ನು ಕೇಳಿ ತನ್ನ ಜಾಗ ತಿಳಿದುಕೊಳ್ಳುತ್ತದೆ. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ನಾಗರಿಕರಿಗೆ ಕೊಡುವ ಈ ಸಂಕೇತವನ್ನು ಬೇಕೆಂದೇ ಮಸುಕು ಮಾಡುತ್ತಿತ್ತು. ಆ ಮಸುಕು ತೆಗೆದದ್ದರಿಂದಲೇ ಇವತ್ತು ಐದು ಸಾವಿರದ ಆಸುಪಾಸಿನ ಡಬ್ಬಿಯೂ ರಸ್ತೆಯ ಯಾವ ಬದಿಯಲ್ಲಿದ್ದೇವೆ ಎಂದು ಹೆಚ್ಚುಕಡಿಮೆ ಹೇಳುತ್ತದೆ. ನನಗೆ ಮ್ಯಾಪ್ ಬೇಡ, ಬಣ್ಣದ ಪರದೆ ಬೇಡ. ಏರು ಅಳೆಯುವ ಬ್ಯಾರೋಮೀಟರ್ ಚೆನ್ನೈಯಲ್ಲಿ ಯಾರಿಗೆ ಬೇಕು? ಇಸಿಆರ್‌ನಲ್ಲಿ ನನ್ನ ಅತಿ ದೊಡ್ಡ ಘಾಟಿ ಎಂದರೆ ಮುಟ್ಟುಕಾಡಿನ ಸೇತುವೆ. ಬಿಸಿಲಲ್ಲಿ ಅಂಕಿ ಕಾಣಬೇಕು, ಬ್ಯಾಟರಿ ಒಂದು ಹಗಲು ಬರಬೇಕು, ಒತ್ತುವ ಗುಂಡಿ ಇರಬೇಕು. ನಮ್ಮ ಊರಿನ ಬೆವರಿಗೆ ಟಚ್ ಸ್ಕ್ರೀನ್ ಹುಚ್ಚಾಗುತ್ತದೆ. ಕೊಳ್ಳಬೇಕೆಂದಿರುವವರಿಗೆ ನನ್ನ ಸಲಹೆ ಇಷ್ಟೇ; ಉಳಿದದ್ದು ಕಂಪನಿಗಳ ಜಾಹೀರಾತು.

ಮೊದಲ ದಿನವೇ ಅದು ನನ್ನ ಜಂಬ ಇಳಿಸಿತು. ಗಂಟೆಗೆ 28ರಲ್ಲಿ ಹೋಗುತ್ತೇನೆ ಎಂದು ಆಫೀಸಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದವನ ಸರಾಸರಿ 21.4 ಎಂದು ತೋರಿಸಿತು. ಅಳತೆ ಎಂದರೆ ಮೂಗು ಮುರಿಯುವ ಸಾಹಿತ್ಯದ ಗೆಳೆಯರಿಗೆ ನಾನು ಈಗಲೂ ಹೇಳುವ ಮಾತು ಇದು. ಅಳೆಯದೆ ಇದ್ದಾಗ ನಾವೇನೂ ಹೆಚ್ಚು ಮನುಷ್ಯರಾಗಿರುವುದಿಲ್ಲ. ಎಷ್ಟೋ ಸಲ ಬರೀ ಸುಳ್ಳು ಹೇಳಿಕೊಂಡಿರುತ್ತೇವೆ.

ಸಮಸ್ಯೆ ಶುರುವಾದದ್ದು 'ಆಟೋ ಪಾಸ್' ಎಂಬ ಸೌಲಭ್ಯದಿಂದ. ಸೈಕಲ್ ನಿಂತರೆ ಗಡಿಯಾರವೂ ನಿಲ್ಲುತ್ತದೆ. ಸಿಗ್ನಲ್, ಎಳನೀರು, ಮೂತ್ರ ಯಾವುದೂ ಲೆಕ್ಕಕ್ಕಿಲ್ಲ. ಸರಾಸರಿ ಮೈ ತೊಳೆದುಕೊಂಡು ನಿಲ್ಲುತ್ತದೆ. ಕೆಲ ತಿಂಗಳ ನಂತರ ಬ್ರೆವೆಗಳ ನಿಯಮ ಓದಿದೆ. ಪ್ಯಾರಿಸಿನ ಆಡಾಕ್ಸ್ ಕ್ಲಬ್ಬಿನ ಪದ್ಧತಿಯಲ್ಲಿ ನಮ್ಮ ದೇಶದಲ್ಲೂ ನಡೆಯುವ ದೂರದ ಸವಾರಿಗಳು ಇವು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 600ಕ್ಕೆ 40. ಗಡಿಯಾರ ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ. ಇಡ್ಲಿ ತಿಂದದ್ದು, ಪಂಕ್ಚರ್ ಹಾಕಿದ್ದು, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮಲಗಿದ್ದು ಎಲ್ಲ ಒಳಗೇ. ಮೊದಲು ಬಂದವರು ಯಾರು ಎಂಬ ಪಟ್ಟಿಯೂ ಇಲ್ಲ. ಇದಲ್ಲವೇ ಪ್ರಾಮಾಣಿಕ ಗಡಿಯಾರ ಅನ್ನಿಸಿತು. ಅವತ್ತೇ ಆಟೋ ಪಾಸ್ ಆಫ್ ಮಾಡಿದೆ. ಮೊಸಳೆ ಪಾರ್ಕ್ ದಾಟಿ ಹೋಗಿ ಬರುವ 60 ಕಿಲೋಮೀಟರನ್ನು, ನಿಂತ ಹೊತ್ತೂ ಸೇರಿ, ಎರಡೂವರೆ ಗಂಟೆಯೊಳಗೆ ಮುಗಿಸಬೇಕು ಎಂದು ನನಗೆ ನಾನೇ ಒಂದು ಕಟ್ಟಳೆ ಹಾಕಿಕೊಂಡೆ.

ಡಿಸೆಂಬರಿನ ಒಂದು ಭಾನುವಾರ. ಬಿಸಿಲಿಲ್ಲ, ಗಾಳಿಯಿಲ್ಲ, ಕಾಲು ತಾನಾಗಿ ತಿರುಗುತ್ತಿತ್ತು. ಮುಟ್ಟುಕಾಡಿನ ಸೇತುವೆ ಇಳಿದು ಸ್ವಲ್ಪ ಮುಂದೆ, ರಸ್ತೆಯ ಅಂಚಿನಲ್ಲಿ ಒಂದು ಟಿವಿಎಸ್ ಮೊಪೆಡ್ ಮಗ್ಗುಲಾಗಿ ಬಿದ್ದಿತ್ತು. ಹಿಂದೆ ಕಟ್ಟಿದ್ದ ಡಬ್ಬ ಬಿಚ್ಚಿಕೊಂಡು ಐಸು, ಮೀನು ಟಾರಿನ ಮೇಲೆ ಚೆಲ್ಲಿದ್ದವು. ಅರವತ್ತು ದಾಟಿದವರಿರಬೇಕು, ಲುಂಗಿ ಉಟ್ಟ ಒಬ್ಬರು ಎಡಗೈಯನ್ನು ಬಲಗೈಯಲ್ಲಿ ಹಿಡಿದು ಕೂತಿದ್ದರು. ರಕ್ತ ಕಾಣಲಿಲ್ಲ. ಅವರು ನನ್ನ ಕಡೆ ನೋಡಿದರು. ನಾನು ಮೀಟರಿನ ಕಡೆ ನೋಡಿದೆ. 24.6 ಇತ್ತು. ಮುಂದೆ ಹೋದೆ.

ಹಿಂದಿರುಗಿ ಅದೇ ಜಾಗಕ್ಕೆ ಬರುವಾಗ ಒಂದೂಕಾಲು ಗಂಟೆ ಕಳೆದಿತ್ತು. ಮೊಪೆಡ್ ಇರಲಿಲ್ಲ. ಒದ್ದೆ ಕಲೆ, ನಾಲ್ಕಾರು ಕಾಗೆ. ಅಲ್ಲಿದ್ದ ಟೀ ಅಂಗಡಿಯ ಹೆಂಗಸನ್ನು ನನ್ನ ಹರಕು ತಮಿಳಿನಲ್ಲಿ ಕೇಳಿದೆ. ಮಣಿಕಟ್ಟು ಊದಿಕೊಂಡಿತ್ತು, ತಂಗಿಯ ಮಗ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದ, ಮೀನೆಲ್ಲ ಹಾಳು ಎಂದರು. ಆಮೇಲೆ ನನ್ನ ಬಟ್ಟೆಬರೆ ನೋಡಿ, "ನೀಂಗ ಅಪ್ಪೋ ಪಾಕ್ಕಲಿಯಾ?" ಎಂದು ಕೇಳಿದರು. ಆಗ ನೀವು ನೋಡಲಿಲ್ಲವಾ? ಇಲ್ಲ ಎಂದೆ. ಮನೆ ಮುಟ್ಟಿದಾಗ 2 ಗಂಟೆ 34 ನಿಮಿಷ. ಗುರಿ ತಪ್ಪಿತ್ತು, ಅದೂ ಯಾರಿಗೂ ಉಪಯೋಗಕ್ಕೆ ಬಾರದ ಒಂದು ನಿಲುಗಡೆಯಿಂದ.

ಸೈಕಲ್ ಗೆಳೆಯನಿಗೆ ಹೇಳಿದಾಗ ಅವನು ಸಮಾಧಾನ ಮಾಡಿದ. ಹಿಂದೆ ಹತ್ತು ಜನ ಬರುತ್ತಿದ್ದರು, ನಿನಗೆ ಪ್ರಥಮ ಚಿಕಿತ್ಸೆ ಗೊತ್ತಿಲ್ಲ, ಸೈಕಲ್ಲಿನ ಮೇಲೆ ಅವರನ್ನು ಕೂರಿಸಿಕೊಂಡು ಹೋಗಲು ಆಗುತ್ತಿತ್ತಾ? ಪೊಲೀಸ್ ಗೋಜಲು ಬೇರೆ, ಎಂದ. ಕೊನೆಯದಂತೂ ಈಗ ನಡೆಯುವುದಿಲ್ಲ. ಅಪಘಾತದಲ್ಲಿ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲೇ ರಕ್ಷಣೆ ಇದೆ. ಹೆಸರು ಕೊಡಬೇಕಾಗಿಯೂ ಇಲ್ಲ. ಉಳಿದ ಮಾತುಗಳು ಸರಿ ಇರಬಹುದು. ಆದರೆ ನಾನು ಅವನ್ನೆಲ್ಲ ತೂಗಿ ನೋಡಿ ಮುಂದೆ ಹೋದವನಲ್ಲ. ನಾನು ನೋಡಿದ್ದು ಅಂಕಿಯನ್ನು. ಕಾರಣಗಳು ಕೋವಳಂ ತಿರುವು ದಾಟಿದ ಮೇಲೆ ಒಂದೊಂದಾಗಿ ಬಂದವು.

ಇಲ್ಲಿ ಯಂತ್ರವನ್ನು ಬೈಯುವುದು ಸುಲಭ, ತಪ್ಪೂ ಹೌದು. ಆಟೋ ಪಾಸ್ ಇದ್ದಿದ್ದರೆ ನಿಂತ ಹೊತ್ತಿಗೆ ಏನೂ ಬೆಲೆ ಕಟ್ಟಬೇಕಿರಲಿಲ್ಲ, ಬಹುಶಃ ನಿಲ್ಲುತ್ತಿದ್ದೆ. ನನ್ನನ್ನು ಮುಂದೆ ತಳ್ಳಿದ್ದು ನನ್ನ ಪ್ರಾಮಾಣಿಕತೆಯೇ. ನನ್ನ ವಿಷಯದಲ್ಲಿ ನಾನು ಬಿಗಿಯಾಗಿರಬೇಕು ಎಂಬ ಹಠವೇ. ನನಗೆ ನಾನು ಕೊಟ್ಟುಕೊಂಡ ಮಾತಿಗೆ, ದಾರಿಯಲ್ಲಿ ಸಿಕ್ಕ ಅಪರಿಚಿತರ ಎದುರು ಎಷ್ಟು ಹಕ್ಕು? ಆಫೀಸಿಗೆ ತಡವಾಗಿ ಮುಂದೆ ಹೋಗಿದ್ದರೆ ಅಲ್ಲಾದರೂ ಯಾರೋ ಕಾಯುತ್ತಿರುತ್ತಿದ್ದರು. ಇಲ್ಲಿ ಕಾಯುತ್ತಿದ್ದವನು ನಾನೇ.

ನಮ್ಮಜ್ಜಿ ಏಕಾದಶಿ ಮಾಡುತ್ತಿದ್ದರು, ನೀರೂ ಮುಟ್ಟದೆ. ಆ ದಿನ ಯಾರಾದರೂ ಹಸಿದು ಬಂದರೆ ಒಲೆ ಹಚ್ಚಿ ಸಾರು ಮಾಡಿ ಬಡಿಸುತ್ತಿದ್ದರು, ರುಚಿ ನೋಡದೆ. ಉಪ್ಪು ಹೆಚ್ಚಾದರೆ ನಗುತ್ತಿದ್ದರು. ಅವರ ವ್ರತದ ಖರ್ಚೆಲ್ಲ ಅವರ ಹೊಟ್ಟೆಯದೇ. ನನ್ನ ವ್ರತದ ಖರ್ಚಿನಲ್ಲಿ ಒಂದು ಪಾಲನ್ನು ಮೀನಿನವರು ಕೊಟ್ಟರು. ವ್ಯತ್ಯಾಸ ಇಲ್ಲೇ ಎಲ್ಲೋ ಇದೆ ಎಂದು ನನ್ನ ಊಹೆ.

ಅಂದಹಾಗೆ ನಮ್ಮಲ್ಲಿ ಅನೇಕರು ಮನೆ ಮಾಡಿರುವ ಪೆರುಂಬಾಕ್ಕಂ ಅಳತೆಯ ಇತಿಹಾಸದಲ್ಲಿ ಸಣ್ಣ ಊರಲ್ಲ. 1802ರ ಏಪ್ರಿಲಿನಲ್ಲಿ ವಿಲಿಯಂ ಲ್ಯಾಂಬ್ಟನ್ ಸೇಂಟ್ ಥಾಮಸ್ ಮೌಂಟಿನಿಂದ ಪೆರುಂಬಾಕ್ಕಂ ಗುಡ್ಡದ ಕಡೆಗೆ ಏಳೂವರೆ ಮೈಲಿಯ ಒಂದು ಗೆರೆ ಅಳೆದ. ಇಡೀ ದೇಶದ ಮಹಾ ಸರ್ವೆ ಹೊರಟದ್ದು ಆ ಗೆರೆಯಿಂದ. ನೂರು ಅಡಿಯ ಉಕ್ಕಿನ ಸರಪಳಿಯನ್ನು ಸುಮಾರು ನಾನೂರು ಸಲ ಹಾಸಿ ಎತ್ತಲು 57 ದಿನ ಹಿಡಿಯಿತು. ನನಗೆ ಹಿಡಿಸುವ ಸಂಗತಿ ಬೇರೆ. ಬಿಸಿಲಿಗೆ ಸರಪಳಿ ಹಿಗ್ಗುತ್ತದೆಂದು ಅದರ ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಶಾಖವನ್ನೂ ಗಮನಿಸಿ ತಿದ್ದುಪಡಿ ಮಾಡುತ್ತಿದ್ದರು. ಎಂಥ ಸ್ಥಿತಿಯಲ್ಲಿ ಅಳೆದೆವು ಎನ್ನುವುದೂ ಅಳತೆಯ ಭಾಗ. ಆಮೇಲೆ ಬೆಂಗಳೂರಿನ ಹತ್ತಿರ ಇನ್ನೊಂದು ಗೆರೆ ಅಳೆದು ತಾಳೆ ನೋಡಿದಾಗ ವ್ಯತ್ಯಾಸ ಕೆಲವೇ ಅಂಗುಲ.

ನನ್ನ ಕೆಲಸವೂ ಅಳೆಯುವುದೇ. ಇಪ್ಪತ್ತೆರಡು ಜನರ ಟೈಮ್‌ಶೀಟು, ಸ್ಪ್ರಿಂಟ್, ಸ್ಟೋರಿ ಪಾಯಿಂಟು. ಧಾರವಾಡ ಕಡೆಯ ಹುಡುಗನೊಬ್ಬ ಇದ್ದಾನೆ ಟೀಮಿನಲ್ಲಿ. ಹೋದ ವರ್ಷ ಹೊಸಬರು ಐದು ಜನ ಸೇರಿದಾಗ ಅವರು ಎಡವಿದಲ್ಲೆಲ್ಲ ಇವನು ಹೋಗಿ ಕೂರುತ್ತಿದ್ದ. ಶೀಟಿನಲ್ಲಿ ಆ ಹೊತ್ತಿಗೆ ಕಾಲಮ್ಮೇ ಇಲ್ಲ. ಅವನ ಪಾಯಿಂಟು ಇಳಿದವು, ಹೊಸಬರದು ಏರಿದವು. ನಾನು ಅವನಿಗೆ ಕೆಳಗಿನ ರೇಟಿಂಗ್ ಕೊಟ್ಟೆ. ಶೀಟು ಹೇಳಿದ್ದನ್ನೇ ಬರೆದೆ, ಪಕ್ಷಪಾತ ಮಾಡಲಿಲ್ಲ, ಪ್ರಾಮಾಣಿಕನಾಗಿದ್ದೆ.

ಆ ಭಾನುವಾರದ ನಂತರ ಸೋಮವಾರ ಅವನನ್ನು ಕ್ಯಾಂಟೀನಿಗೆ ಕರೆದೆ. ರೇಟಿಂಗ್ ಆಗಲೇ ಮುಚ್ಚಿಹೋಗಿತ್ತು, ಬದಲಾಯಿಸಲು ದಾರಿಯಿರಲಿಲ್ಲ. ತಪ್ಪು ನನ್ನದು ಎಂದೆ. ಅವನು ಕಾಫಿ ಆರಿಸಿಕೊಳ್ಳುತ್ತಾ, "ಹೋಗ್ಲಿ ಬಿಡ್ರಿ ಸರ್, ಆದದ್ದಾತು" ಎಂದ. ಸ್ವಲ್ಪ ಹೊತ್ತಿನ ಮೇಲೆ, "ಈ ವರ್ಷ ನಾನೂ ಬ್ಯಾರೇದವರ ಟಿಕೆಟ್ ಮುಟ್ಟಾಂಗಿಲ್ರಿ" ಎಂದು ಸೇರಿಸಿದ. ಸಿಟ್ಟಿರಲಿಲ್ಲ ದನಿಯಲ್ಲಿ. ಕಲಿತ ಪಾಠ ಒಪ್ಪಿಸಿದ ಹಾಗಿತ್ತು. ಮೀನಿನವರ ಮುಂದೆ ನಾನೊಬ್ಬನೇ ಹಾದುಹೋದೆ. ಇಲ್ಲಿ ಇನ್ನೊಬ್ಬನಿಗೂ ಹಾದುಹೋಗುವುದನ್ನು ಕಲಿಸಿಬಿಟ್ಟಿದ್ದೆ.

ಶೀಟಿಗೆ ಒಂದು ಕಾಲಮ್ ಸೇರಿಸಿದರೆ ಆಯಿತಲ್ಲ ಎಂದು ನೀವು ಕೇಳಬಹುದು. ಸೇರಿಸಿದೆ: 'ಇತರರಿಗೆ ನೆರವು'. ಎರಡನೇ ತಿಂಗಳಿಗೆ ಎಲ್ಲರೂ ವಾರಕ್ಕೆ ಸರಿಯಾಗಿ ನಾಲ್ಕು ಗಂಟೆ ತುಂಬತೊಡಗಿದರು, ಅವನೊಬ್ಬನನ್ನು ಬಿಟ್ಟು. ಅವನದು ಸೊನ್ನೆ.

ಈಗ ಮೀಟರಿನ ಪರದೆಯಲ್ಲಿ ಸರಾಸರಿ ಇಟ್ಟಿಲ್ಲ. ದೂರ ಮತ್ತು ಗಡಿಯಾರ ಎರಡೇ. ಕಳೆದ ತಿಂಗಳು ಕೋವಳಂ ಹತ್ತಿರ ಕಾಲೇಜಿನ ಹುಡುಗಿಯೊಬ್ಬಳು ಪಂಕ್ಚರಾಗಿ ನಿಂತಿದ್ದಳು. ನಿಂತೆ. ಅವಳ ಬಳಿ ಪಂಪಿತ್ತು, ಟ್ಯೂಬಿರಲಿಲ್ಲ. ನನ್ನದನ್ನು ಕೊಟ್ಟು ಹಾಕಿಸಿದೆ. "ಥ್ಯಾಂಕ್ಸ್ ಅಂಕಲ್" ಎಂದು ಅವಳು ಹೊರಟ ಮೇಲೆ ನಾನು ಮಾಡಿದ ಮೊದಲ ಕೆಲಸ ಗಡಿಯಾರ ನೋಡಿದ್ದು. ಇಪ್ಪತ್ತಾರು ನಿಮಿಷ. ಅದನ್ನೂ ಮನಸ್ಸಿನಲ್ಲಿ ಎಲ್ಲೋ ಜಮಾ ಮಾಡಿಕೊಂಡೆ ಎಂದು ಗೊತ್ತಾಗಿ ನಾಚಿಕೆಯಾಯಿತು.

ಮನೆಗೆ ಬಂದು ಸವಾರಿಯನ್ನು ಫೋನಿಗೆ ಇಳಿಸಿ ನೋಡಿದೆ. ನಿಂತಲ್ಲೇ ನಿಂತರೂ ಜಿಪಿಎಸ್ಸಿನ ಅಂದಾಜು ಒಂದೆರಡು ಮೀಟರ್ ಆಚೀಚೆ ಅಲೆಯುತ್ತಿರುತ್ತದೆ. ಕೋವಳಂನಲ್ಲಿ ರಸ್ತೆಯ ನೇರ ಗೆರೆಯ ಪಕ್ಕದಲ್ಲಿ ಸಿಕ್ಕುಬಿದ್ದ ದಾರದ ಹಾಗೆ ಒಂದು ಗಂಟಿತ್ತು. ಡಿಸೆಂಬರಿನ ಆ ಭಾನುವಾರದ ನಕ್ಷೆಯನ್ನೂ ತೆಗೆದು ಪಕ್ಕದಲ್ಲಿಟ್ಟೆ. ಮುಟ್ಟುಕಾಡು ದಾಟಿ ಮುಂದೆ ಗೆರೆ ನೇರವಾಗಿಯೇ ಇತ್ತು.